ಚಿತ್ರದುರ್ಗ ಸೀಮೆಯೂ ದೂರದರ್ಶನದ ಮಾರ್ಪಾಟೂ

ನಮ್ಮ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಶಾಸನವಿರುವುದನ್ನು ಅರಿಯದವರು ವಾಚಕರಲ್ಲಿ ವಿರಳ. ೧೮೯೨ರಲ್ಲಿ ಬಿ. ಎಲ್. ರೈಸ್ ಮಹಾಶಯರು ಅದನ್ನು ಬೆಳಕಿಗೆ ತಂದರು. ಆ ಶಾಸನದ ಒಕ್ಕಣೆಯಲ್ಲಿ ಗಮನಿಸತಕ್ಕ ವಿಶೇಷವೊಂದುಂಟು. ರಾಜಾಜ್ಞೆಯು ನೇರವಾಗಿ ಪ್ರಜೆಗಳನ್ನು ಉದ್ದೇಶಿಸಿ ಹೊರಟುದಲ್ಲ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಅದನ್ನು ಇಸಿಲದ ಮಹಾಮಾತ್ರರಿಗೆ ಕಳುಹಿಸಿದರು. ಭಾಷೆ ಪ್ರಾಕೃತ. ಇಸಿಲದಿಂದಾಚೆಗೆ ಹಟ್ಟಿಹಟ್ಟಿಗೆ ಅದನ್ನು ಮುಟ್ಟಿಸಿದವರು ಯಾರು, ಕೇಳಿದವರು ಏನೆಂದು ತಿಳಿದುಕೊಂಡರು ಎಂಬುದನ್ನು ಬಂಡೆಯು ಹೇಳುವುದಿಲ್ಲ. ಆಜ್ಞೆ ಹೊರಡುವುದು ಒಂದು ಚರಿತ್ರೆ. ಅದು ಮನೆಯ ಹೊಸ್ತಿಲನ್ನು ಮುಟ್ಟುವುದು ಇನ್ನೊಂದು ಚರಿತ್ರೆ. ಮೊದಲನೆಯದಕ್ಕೆ ದಾಖಲೆಯುಂಟು, ಎರಡನೆಯದು ಬಹುಮಟ್ಟಿಗೆ ಮರೆತುಹೋಗುತ್ತದೆ.

ಈಚಿನ ಕಾಲದಲ್ಲಿ ನಮ್ಮ ಮನೆಮನೆಯನ್ನೂ ಹೊಕ್ಕ ಇಂಥದೊಂದು ಆಜ್ಞೆಯೆಂದರೆ ದೂರದರ್ಶನವು ಅನಲಾಗ್ ಕ್ರಮದಿಂದ ಡಿಜಿಟಲ್ ಕ್ರಮಕ್ಕೆ ಮಾರ್ಪಟ್ಟುದು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಜನ ಈ ಮಾರ್ಪಾಟಿಗೆ ಎಷ್ಟರ ಮಟ್ಟಿಗೆ ಸಿದ್ಧರಾಗಿದ್ದರು, ಅವರನ್ನು ಸಿದ್ಧಪಡಿಸಿದವರು ಯಾರು ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಮಾರ್ಪಾಟಿನ ಸ್ವರೂಪವನ್ನು ತಿಳಿಯೋಣ. ಹಳೆಯ ಕ್ರಮದಲ್ಲಿ ಚಿತ್ರದ ಬೆಳಕಿನ ಏರಿಳಿತಕ್ಕೆ ಸರಿಯಾಗಿ ಅಲೆಯೂ ಏರಿಳಿಯುತ್ತಿತ್ತು. ಹೊಸ ಕ್ರಮದಲ್ಲಿ ಚಿತ್ರವೂ ಧ್ವನಿಯೂ ಸೊನ್ನೆ-ಒಂದುಗಳೆಂಬ ಅಂಕೆಗಳಾಗಿ, ಅಡಕಗೊಂಡು ಬರುತ್ತವೆ. ಹಿಂದೆ ಒಂದು ವಾಹಿನಿಗೆ ಬೇಕಾಗುತ್ತಿದ್ದ ದಾರಿಯಲ್ಲಿ ಈಗ ಹತ್ತಕ್ಕೂ ಮೇಲ್ಪಟ್ಟ ವಾಹಿನಿಗಳು ಸಾಗಬಲ್ಲವು. ಲಾಭ ದೊಡ್ಡದೇ ಸರಿ. ಆದರೆ ಎರಡಕ್ಕೂ ಸ್ವಭಾವಭೇದವುಂಟು. ಅಲೆಯು ಬಲಗುಂದಿದಾಗ ಹಳೆಯ ಕ್ರಮದಲ್ಲಿ ಚಿತ್ರದ ಮೇಲೆ ಜಡಿಮಳೆಯಂತೆ ಚುಕ್ಕೆಗಳು ಕವಿಯುತ್ತಿದ್ದವು. ಆದರೂ ಮುಖ ಕಾಣುತ್ತಿತ್ತು, ಮಾತು ಕೇಳುತ್ತಿತ್ತು. ಹೊಸದರಲ್ಲಿ ಒಂದು ಮಿತಿಯವರೆಗೆ ಚಿತ್ರ ನಿರ್ಮಲ. ಮಿತಿ ದಾಟಿದೊಡನೆ ಅದು ಚೂರುಚೂರಾಗಿ ನಿಂತುಬಿಡುವುದು, ಬಳಿಕ ಕತ್ತಲೆ. ಅರೆಬರೆಯಾಗಿ ನೋಡುವ ಅವಕಾಶವಿಲ್ಲ. ಯಂತ್ರಕ್ಕೆ ಸಲ್ಲುವ ಈ ಮಾತು ಮನೆಗಳಿಗೂ ಸಲ್ಲುವುದೆಂಬುದನ್ನು ಮುಂದೆ ಕಾಣುವೆವು.

ಭಾರತದಲ್ಲಿ ದೂರದರ್ಶನವು ದೆಹಲಿಯಲ್ಲಿ ೧೯೫೯ರ ಸೆಪ್ಟೆಂಬರ್ ೧೫ರಂದು ಆರಂಭವಾಯಿತು. ಕನ್ನಡನಾಡಿನ ಹಳ್ಳಿಗೆ ಅದು ಮೊದಲು ಬಂದುದು ಉಪಗ್ರಹದ ಮೂಲಕ. ೧೯೭೫ರ ಆಗಸ್ಟಿನಿಂದ ಒಂದು ವರ್ಷಕಾಲ ನಡೆದ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ಅಮೆರಿಕದ ಉಪಗ್ರಹವೊಂದರಿಂದ ಕಾರ್ಯಕ್ರಮಗಳನ್ನು ಇಳಿಸಲಾಯಿತು. ನಮ್ಮಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿ ಸೇರಿದ್ದವು. ಆ ಪ್ರಯೋಗದಲ್ಲಿ ಸರ್ಕಾರದವರು ಕಾರ್ಯಕ್ರಮದೊಡನೆ ಪೆಟ್ಟಿಗೆಯನ್ನೂ ತಾವೇ ತಂದು, ಊರಿನ ಸಾರ್ವಜನಿಕ ಸ್ಥಳದಲ್ಲಿಟ್ಟು, ಅದು ಕೆಟ್ಟರೆ ದುರಸ್ತಿ ಮಾಡುವ ವ್ಯವಸ್ಥೆಯನ್ನೂ ಮಾಡಿದ್ದರು. ಇದನ್ನು ವಾಚಕರು ನೆನಪಿನಲ್ಲಿಡಬೇಕು.

ಬೆಂಗಳೂರಿನಲ್ಲಿ ಕೇಂದ್ರವು ೧೯೮೧ರಲ್ಲಿ ಬಂದಿತು. ಆ ದಶಕದಲ್ಲಿ ದೇಶದಾದ್ಯಂತ ಸಣ್ಣ ಸಣ್ಣ ಪ್ರೇಷಕ ಯಂತ್ರಗಳು ಸ್ಥಾಪಿತವಾಗುತ್ತ, ಜಿಲ್ಲೆಯ ಊರುಗಳಲ್ಲಿಯೂ ಮನೆಯ ಮಾಳಿಗೆಯ ಮೇಲೆ ಆಂಟೆನಾಗಳು ಎದ್ದವು. ಈ ಅಲೆಗಳು ಬಹುಮಟ್ಟಿಗೆ ನೇರವಾಗಿ ಸಾಗತಕ್ಕವು. ಬೆಟ್ಟ ಅಡ್ಡವಾದರೆ ಕ್ಷೀಣಿಸುವುವು. ದುರ್ಗದಿಂದ ಜೋಗಿಮಟ್ಟಿಯ ಮೇಲೆ ಹಾಯ್ದು ಮಾರಿಕಣಿವೆಯವರೆಗೂ ಅದರಾಚೆಗೂ ಚಾಚಿದ ಬೆಟ್ಟಸಾಲು ಈ ನಾಲ್ಕು ತಾಲ್ಲೂಕುಗಳ ನಡುವೆ ಬಿದ್ದಿದೆಯಷ್ಟೆ. ಆದಕಾರಣ ಬೆಟ್ಟದ ಮರೆಯ ಊರಿನವರು ಎತ್ತರದ ಕಂಬ ನೆಟ್ಟು, ಒಬ್ಬ ಮಾಳಿಗೆಯ ಮೇಲೆ ಆಂಟೆನಾ ತಿರುಗಿಸುತ್ತ, ಇನ್ನೊಬ್ಬ ಕೆಳಗಿನಿಂದ 'ಬಂತು, ಬಂತು. ಹೋಯ್ತು' ಎಂದು ಕೂಗುತ್ತ ಚಿತ್ರವನ್ನು ಹಿಡಿಯುತ್ತಿದ್ದರು. ೧೯೮೭-೮೮ರಲ್ಲಿ ರಾಮಾಯಣವು ಬರುತ್ತಿದ್ದ ಭಾನುವಾರದ ಬೆಳಗ್ಗೆ ಪೆಟ್ಟಿಗೆಯಿದ್ದ ಮನೆಯ ಪಡಸಾಲೆಯು ಕೇರಿಯವರಿಗೆಲ್ಲ ಸೇರಿದ್ದಾಗಿತ್ತು. ತಿಂಗಳ ಬಾಡಿಗೆ ಎಂಬುದಿರಲಿಲ್ಲ. ಕಂಬ, ತಂತಿ, ಪೆಟ್ಟಿಗೆ ಇವಿಷ್ಟೇ ಖರ್ಚು.

೧೯೯೧ರ ಬಳಿಕ ಕೇಬಲ್ ಬಂದಿತು. ಊರಿಗೊಬ್ಬ ಉತ್ಸಾಹಿಯು ದೊಡ್ಡ ತಟ್ಟೆಯೊಂದನ್ನು ನೆಟ್ಟು, ಬೀದಿಯ ಕಂಬದಿಂದ ಕಂಬಕ್ಕೆ ತಂತಿಯೆಳೆದು ಮನೆಗಳಿಗೆ ಹಂಚಿದನು. ೧೯೯೫ರಲ್ಲಿ ಕಾನೂನು ಈ ಉದ್ಯಮವನ್ನು ಅಂಕೆಗೆ ತಂದಿತು. ಆದರೆ ಹಳೆಯ ಕ್ರಮದ ತಂತಿಯಲ್ಲಿ ಹಿಡಿಸುವ ವಾಹಿನಿಗಳ ಸಂಖ್ಯೆಗೆ ಮಿತಿಯಿತ್ತು. ಸ್ಥಳಕ್ಕಾಗಿ ವಾಹಿನಿಯವರು ಹಣ ತೆರಬೇಕಾಗುತ್ತಿತ್ತು. ಮೇಲಾಗಿ ಎಷ್ಟು ಮನೆಗಳಿಗೆ ತಂತಿ ಹೋಗಿದೆಯೆಂಬ ಲೆಕ್ಕ ಕೇಬಲ್ಲಿನವನ ಬಾಯಿಮಾತಿನ ಮೇಲೆಯೇ ನಿಂತಿತ್ತು. ಮನೆಮನೆಗೂ ಪೆಟ್ಟಿಗೆಯಿಟ್ಟರೆ ಈ ಲೆಕ್ಕ ತಾನಾಗಿಯೇ ಹೊರಬೀಳುವುದೆಂಬುದು ಸರ್ಕಾರದವರ ಅಭಿಪ್ರಾಯ. ೨೦೦೩ರಲ್ಲಿ ಹಣ ಕೊಟ್ಟು ನೋಡುವ ವಾಹಿನಿಗಳಿಗೆ ಮಾತ್ರ ಪೆಟ್ಟಿಗೆ ಬೇಕೆಂಬ ಕ್ರಮವನ್ನು ಮಹಾನಗರಗಳಲ್ಲಿ ತರಲು ಹೊರಟಾಗ, ಅದು ಆ ವರ್ಷ ಚೆನ್ನೈಯಲ್ಲಿ ಮಾತ್ರ ನೆಲೆನಿಂತಿತು. ಜನರನ್ನು ಸಿದ್ಧಪಡಿಸದೆ ದಿನ ಗೊತ್ತುಮಾಡುವುದರ ಫಲವನ್ನು ಆಗಲೇ ಕಂಡಂತಾಯಿತು.

೨೦೧೧ರ ತಿದ್ದುಪಡಿಯ ಕಾನೂನು ಕೇಬಲ್ಲನ್ನು ನಾಲ್ಕು ಹಂತಗಳಲ್ಲಿ ಡಿಜಿಟಲ್ ಮಾಡಬೇಕೆಂದು ವಿಧಿಸಿತು. ಮೊದಲ ಹಂತದಲ್ಲಿ ನಾಲ್ಕು ಮಹಾನಗರಗಳು. ಗಡುವು ೨೦೧೨ರ ಜೂನ್ ೩೦ ಎಂದಿದ್ದುದು ಅಕ್ಟೋಬರ್ ೩೧ಕ್ಕೆ ಸರಿಯಿತು. ಎರಡನೆಯ ಹಂತದಲ್ಲಿ ಬೆಂಗಳೂರು ಮೈಸೂರುಗಳೂ ಸೇರಿದಂತೆ ೩೮ ನಗರಗಳು. ಗಡುವು ೨೦೧೩ರ ಮಾರ್ಚ್ ೩೧. ಪೌರಸಂಸ್ಥೆಗಳುಳ್ಳ ಉಳಿದ ಊರುಗಳು ಮೂರನೆಯದರಲ್ಲಿ, ಹಳ್ಳಿಗಳು ನಾಲ್ಕನೆಯದರಲ್ಲಿ. ಈ ಎರಡು ಹಂತಗಳೂ ೨೦೧೪ರೊಳಗೆ ಮುಗಿಯಬೇಕೆಂದು ಮೊದಲು ಗೊತ್ತಾಗಿದ್ದು, ಬಳಿಕ ಮೂರನೆಯದು ೨೦೧೫ರ ಡಿಸೆಂಬರ್ ೩೧ಕ್ಕೂ ನಾಲ್ಕನೆಯದು ೨೦೧೬ರ ಡಿಸೆಂಬರ್ ೩೧ಕ್ಕೂ ಮುಂದೆ ಹೋದವು. ಮೂರನೆಯ ಹಂತದ ವಿಷಯದಲ್ಲಿ ನ್ಯಾಯಾಲಯಗಳಲ್ಲಿ ವ್ಯಾಜ್ಯಗಳು ನಡೆದುವು. ನಾಲ್ಕನೆಯದರಲ್ಲಿ ಪೆಟ್ಟಿಗೆಗಳು ಸಾಕಷ್ಟು ಮುಟ್ಟಿರಲಿಲ್ಲ. ಕಡೆಗೆ ಮೂರನೆಯದಕ್ಕೆ ೨೦೧೭ರ ಜನವರಿ ೩೧, ನಾಲ್ಕನೆಯದಕ್ಕೆ ಮಾರ್ಚ್ ೩೧ ಎಂದು ನಿಶ್ಚಯವಾಯಿತು. ೨೦೧೧ರ ಜನಗಣತಿಯಂತೆ ನಮ್ಮ ಜಿಲ್ಲೆಯ ಜನರಲ್ಲಿ ಪಟ್ಟಣವಾಸಿಗಳು ಸುಮಾರು ಐದರಲ್ಲೊಂದು ಪಾಲು ಮಾತ್ರ. ಎಂದರೆ ಜಿಲ್ಲೆಯ ಐದರಲ್ಲಿ ನಾಲ್ಕು ಪಾಲು ಕಟ್ಟಕಡೆಯ ಹಂತಕ್ಕೆ ಸೇರಿದ್ದಿತು.

ಗಡುವನ್ನು ಮುಂದೂಡುವುದರಿಂದ ಸಿದ್ಧತೆಗೆ ಕಾಲ ದೊರೆತಿತೆಂದು ಭಾವಿಸುವುದು ಸಹಜ. ಆದರೆ ಪದೇ ಪದೇ ಸರಿಯುವ ಗಡುವನ್ನು ಜನ ನಂಬುವುದಿಲ್ಲ. 'ಇದೂ ಮುಂದಕ್ಕೆ ಹೋದೀತು' ಎಂದು ಸುಮ್ಮನಿರುತ್ತಾರೆ. ಅಧಿಕಾರಿಗಳ ಲೆಕ್ಕದಲ್ಲಿ ಸಿದ್ಧತೆಯೆಂದರೆ ಇಟ್ಟ ಪೆಟ್ಟಿಗೆಗಳ ಸಂಖ್ಯೆ. ಮನೆಯವರ ಲೆಕ್ಕವೇ ಬೇರೆ: ಇದನ್ನು ಯಾಕೆ ಕೊಳ್ಳಬೇಕು, ಹಳೆಯ ಪೆಟ್ಟಿಗೆಗೆ ಇದು ಹೊಂದುವುದೇ, ಕೆಟ್ಟರೆ ಯಾರನ್ನು ಕೇಳಬೇಕು, ತಿಂಗಳಿಗೆ ಎಷ್ಟು ಕೊಡಬೇಕು. ಈ ಪ್ರಶ್ನೆಗಳಿಗೆ ಹೊಸ್ತಿಲಲ್ಲಿ ನಿಂತು ಉತ್ತರ ಹೇಳಬೇಕಾಗಿ ಬಂದುದು ಕೇಬಲ್ಲಿನ ಹುಡುಗನಿಗೆ. ತಿಂಗಳ ಹಣಕ್ಕೆ ಬರುತ್ತಿದ್ದ ಅವನೇ ಪೆಟ್ಟಿಗೆ ತಂದವನು, ತಂತಿ ಜೋಡಿಸಿದವನು. 'ಚಂದನ ಯಾವ ನಂಬರಪ್ಪಾ?' ಎಂದು ಕೇಳಿದ ಅಜ್ಜಿಗೆ ರಿಮೋಟಿನ ಗುಂಡಿ ತೋರಿಸಿದವನು. ಪೆಟ್ಟಿಗೆಯ ಬೆಲೆ ಪಟ್ಟಣದ ನೌಕರನಿಗೆ ಅಲ್ಪವೆನಿಸಿದರೂ ಕೂಲಿಯ ಮನೆಗೆ ಹಲವು ದಿನಗಳ ದುಡಿಮೆಯಾಗಿತ್ತು.

ಇಷ್ಟರಲ್ಲಿ ಅನೇಕರು ಬೇರೊಂದು ದಾರಿಯನ್ನು ಹಿಡಿದಿದ್ದರು. ೨೦೦೩ರಿಂದ ಖಾಸಗಿಯವರು, ೨೦೦೪ರ ಡಿಸೆಂಬರಿನಿಂದ ದೂರದರ್ಶನದವರು, ಉಪಗ್ರಹದಿಂದ ನೇರವಾಗಿ ಮನೆಗೆ ಬರುವ ಡಿಜಿಟಲ್ ಸೇವೆಯನ್ನು ತೆರೆದಿದ್ದರು. ದೂರದರ್ಶನದ ಸೇವೆಗೆ, ಅಂದರೆ ಇಂದಿನ ಡಿಡಿ ಫ್ರೀ ಡಿಶ್‌ಗೆ, ತಟ್ಟೆಯನ್ನೂ ಪೆಟ್ಟಿಗೆಯನ್ನೂ ಒಮ್ಮೆ ಕೊಂಡರೆ ಸಾಕು, ತಿಂಗಳ ಹಣವಿಲ್ಲ. ಉಪಗ್ರಹವು ಆಕಾಶದ ಎತ್ತರದಿಂದ ನೋಡುವುದರಿಂದ ಬೆಟ್ಟದ ಅಡ್ಡಿಯೂ ಇಲ್ಲ. ಕಂಬದ ಆಂಟೆನಾ ಬಿಟ್ಟು, ಹೆಂಚಿನ ಮೇಲೆ ಆಗ್ನೇಯಕ್ಕೆ ಮುಖಮಾಡಿದ ತಟ್ಟೆಗಳು ಹೊಲದ ಮನೆಗಳಲ್ಲಿಯೂ ಕಾಣಿಸಿಕೊಂಡುವು. ಜನರು ಕಾನೂನಿಗಾಗಿ ಕಾಯದೆ, ತಮ್ಮ ಅನುಕೂಲ ನೋಡಿಕೊಂಡು ತಾವೇ ಸಿದ್ಧರಾದುದಕ್ಕೆ ಇದು ನಿದರ್ಶನ.

ಅನ್ಯದೇಶಗಳಲ್ಲಿ ಈ ಕಾರ್ಯವು ಹೇಗೆ ನಡೆಯಿತೆಂಬುದನ್ನೂ ಸ್ವಲ್ಪ ನೋಡಬಹುದು. ಬ್ರಿಟನ್ನಿನಲ್ಲಿ ೨೦೦೭ರಲ್ಲಿ ವೈಟ್‌ಹೇವನ್ ಎಂಬ ಒಂದು ಸಣ್ಣ ಊರಿನಿಂದ ಆರಂಭಿಸಿ, ಪ್ರಾಂತ ಪ್ರಾಂತವಾಗಿ ಮುಂದುವರಿದು, ೨೦೧೨ರ ಅಕ್ಟೋಬರಿನಲ್ಲಿ ಮುಗಿಸಿದರು. ೭೫ ವರ್ಷ ತುಂಬಿದವರಿಗೂ ತೀವ್ರ ಅಂಗವೈಕಲ್ಯವುಳ್ಳವರಿಗೂ ನೆರವಾಗಲು ಪ್ರತ್ಯೇಕ ಯೋಜನೆಯಿತ್ತು. ಅಮೆರಿಕದಲ್ಲಿ ಮನೆಗೆ ಎರಡರಂತೆ ತಲಾ ೪೦ ಡಾಲರಿನ ಚೀಟಿಗಳನ್ನು ಹಂಚಿದರು. ಆದರೂ ಬಹುಮಂದಿ ಸಿದ್ಧರಿಲ್ಲವೆಂದು ಕಂಡು, ೨೦೦೯ರ ಫೆಬ್ರವರಿ ೧೭ರ ಗಡುವನ್ನು ಜೂನ್ ೧೨ಕ್ಕೆ ಮುಂದೂಡಿದರು. ಜಪಾನಿನಲ್ಲಿ ೨೦೧೧ರ ಜುಲೈ ೨೪ರಂದು ಹಳೆಯ ಕ್ರಮ ನಿಂತಿತು. ಭೂಕಂಪದಿಂದ ನೊಂದ ಮೂರು ಪ್ರಾಂತಗಳಿಗೆ ಮಾತ್ರ ೨೦೧೨ರ ಮಾರ್ಚ್ ೩೧ರವರೆಗೆ ಅವಕಾಶ ಕೊಟ್ಟರು. ಆ ದೇಶಗಳು ಸಿರಿವಂತ ದೇಶಗಳು, ನಮ್ಮೊಡನೆ ಹೋಲಿಕೆ ಸಲ್ಲದು ಎನ್ನುವವರುಂಟು. ಅದು ಒಪ್ಪತಕ್ಕ ಮಾತೇ; ಆದರೆ ಅಲ್ಲಿ 'ಯಾರು ಹಿಂದುಳಿದಾರು?' ಎಂದು ಮೊದಲೇ ಕೇಳಿಕೊಂಡರೆಂಬುದಕ್ಕೆ ಸಿರಿತನ ಕಾರಣವಲ್ಲ.

ನಮ್ಮ ದೇಶದಲ್ಲಿಯೇ ಇದಕ್ಕೆ ಮಾದರಿಯುಂಟು. ೧೯೫೭ರ ಏಪ್ರಿಲ್ ೧ರಂದು ಹದಿನಾರು ಆಣೆಯ ರೂಪಾಯಿಯು ನೂರು ನಯಾ ಪೈಸೆಯ ರೂಪಾಯಿಯಾಯಿತು. ಆದರೆ ಅಂದೇ ಆಣೆಗಳು ರದ್ದಾಗಲಿಲ್ಲ. ಹಲವು ವರ್ಷ ಹಳೆಯ ನಾಣ್ಯವೂ ಹೊಸ ನಾಣ್ಯವೂ ಒಟ್ಟಿಗೆ ಓಡಾಡಿದುವು. ಸಂತೆಯಲ್ಲಿ ಸೊಪ್ಪು ಮಾರುವವಳೂ ಕೆಲವು ಕಾಲ ಎರಡನ್ನೂ ಕೈಯಲ್ಲಿ ಹಿಡಿದು ಲೆಕ್ಕ ಕಲಿತಳು. ಹಳೆಯದು ಹೊಸದು ಎರಡೂ ಕೂಡಿ ನಡೆಯುವ ಆ ನಡುಗಾಲವೇ ನಿಜವಾದ ಪಾಠಶಾಲೆ.

ಆಂಟೆನಾದ ದೂರದರ್ಶನಕ್ಕೆ ಇಂಥ ನಡುಗಾಲ ನಮ್ಮ ಸೀಮೆಯಲ್ಲಿ ಒದಗಲಿಲ್ಲ. ನೆಲದ ಪ್ರೇಷಕ ಯಂತ್ರಗಳಿಂದ ಡಿಜಿಟಲ್ ಪ್ರಸಾರವು ೨೦೧೬ರಲ್ಲಿ ಆರಂಭವಾದುದು ಬೆಂಗಳೂರೂ ಸೇರಿ ೧೬ ನಗರಗಳಲ್ಲಿ ಮಾತ್ರ. ಬಳಿಕ, ಆಯಕಟ್ಟಿನ ಸ್ಥಳಗಳ ಸುಮಾರು ಐವತ್ತನ್ನು ಬಿಟ್ಟು, ಉಳಿದ ಅನಲಾಗ್ ಯಂತ್ರಗಳನ್ನೆಲ್ಲ ೨೦೨೨ರ ಮಾರ್ಚ್ ೩೧ರೊಳಗೆ ನಿಲ್ಲಿಸುವುದಾಗಿ ಪ್ರಸಾರ ಭಾರತಿಯು ೨೦೨೧ರಲ್ಲಿ ಪ್ರಕಟಿಸಿತು. ನೋಡುವವರು ಆ ವೇಳೆಗೆ ತೀರ ಕಡಮೆಯಾಗಿದ್ದರು; ಯಂತ್ರಗಳು ಹಳೆಯವಾಗಿದ್ದವು; ನಿರ್ಧಾರವು ಅಯುಕ್ತವೆಂದು ಹೇಳುವಂತಿಲ್ಲ. ಆದರೆ ಕೇಬಲ್ಲಿನ ಬದಲಾವಣೆಗೆ ನಡೆದಷ್ಟು ಗದ್ದಲ ಇದಕ್ಕೆ ನಡೆಯಲಿಲ್ಲ. ಕೇಬಲ್ಲಿನ ಹಿಂದೆ ಹಣದ ಲೆಕ್ಕವಿತ್ತು. ಆಂಟೆನಾದ ಹಿಂದೆ ಬಡವನೊಬ್ಬನೇ ಇದ್ದ. ಆ ಕಂಬಗಳಲ್ಲಿ ಕೆಲವು ಇಂದು ಬಟ್ಟೆಯ ಹಗ್ಗಕ್ಕೆ ಆಧಾರವಾಗಿವೆ.

ಇದರಿಂದ ಆದ ನಷ್ಟವೇನೆಂದು ಕೇಳಬಹುದು. ೨೦೨೦ರಲ್ಲಿ ಸಾಂಕ್ರಾಮಿಕ ರೋಗದ ದೆಸೆಯಿಂದ ಶಾಲೆಗಳು ಮುಚ್ಚಿದಾಗ, ಸರ್ಕಾರದವರು ಚಂದನ ವಾಹಿನಿಯಲ್ಲಿ 'ಸಂವೇದ' ಎಂಬ ಪಾಠಗಳನ್ನು ಬಿತ್ತರಿಸಿದರು. ಅಂದು ದೂರದರ್ಶನವು ವಿನೋದದ ವಸ್ತುವಾಗಿರಲಿಲ್ಲ, ಅದೇ ಶಾಲೆಯಾಗಿತ್ತು. ತಟ್ಟೆಯೋ ಕೇಬಲ್ಲೋ ಇದ್ದ ಮನೆಯ ಮಗು ಪಾಠ ಕೇಳಿತು. ತಿಂಗಳ ಹಣ ಕಟ್ಟಲಾಗದೆ ಸಂಪರ್ಕ ತಪ್ಪಿದ ಮನೆಯ ಮಗು ನೆರೆಮನೆಯ ಬಾಗಿಲಿಗೆ ಹೋಗಬೇಕಾಯಿತು. ಆ ದಿನಗಳಲ್ಲಿ ನೆರೆಮನೆಯ ಬಾಗಿಲೂ ಮುಚ್ಚಿತ್ತು. ೨೦೧೯ರ ಫೆಬ್ರವರಿಯಲ್ಲಿ ಬಂದ ದರದಂತೆ ಆಗ ಮೊದಲ ನೂರು ವಾಹಿನಿಗಳಿಗೆ ತಿಂಗಳಿಗೆ ೧೩೦ ರೂಪಾಯಿವರೆಗೆ ತೆರಬೇಕಾಗಿತ್ತು, ತೆರಿಗೆ ಬೇರೆ. ಈ ಮೊತ್ತವು ದೊಡ್ಡದಲ್ಲವೆಂದು ನಮ್ಮಂಥವರು ಹೇಳಬಹುದು. ಕೆಲಸವೇ ನಿಂತಿದ್ದ ಮನೆಯವರು ಹೇಳಲಾರರು. ಅರೆಬರೆಯಾಗಿ ನೋಡುವ ಅವಕಾಶ ಹೊಸ ಕ್ರಮದಲ್ಲಿಲ್ಲವೆಂದು ಮೇಲೆ ಹೇಳಿದ್ದುದರ ತಾತ್ಪರ್ಯ ಇದೇ.

ಹೊಸದನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಚಿತ್ರ ತಿಳಿಯಾಯಿತು, ಕನ್ನಡದ ವಾಹಿನಿಗಳಿಗೆ ಸ್ಥಳ ಹೆಚ್ಚಿತು, ಬೆಟ್ಟದ ಮರೆಯ ಹಳ್ಳಿಯೂ ನಗರದಷ್ಟೇ ಸ್ಪಷ್ಟವಾಗಿ ನೋಡುವಂತಾಯಿತು. ಆದರೆ ಸಿದ್ಧತೆಯೆಂಬುದನ್ನು ಪೆಟ್ಟಿಗೆಗಳ ಎಣಿಕೆಯಿಂದ ಅಳೆಯಬಾರದು. ಕಟ್ಟಕಡೆಯಲ್ಲಿ ಉಳಿದ ಮನೆಯಿಂದ ಅಳೆಯಬೇಕು. ಇಂಥ ಮಾರ್ಪಾಟುಗಳು ಇನ್ನೂ ಬರುವುವು. ಅವು ಬಂದಾಗ ಹಳೆಯದನ್ನು ಆರಿಸುವ ಮುನ್ನ 'ಇದರ ಬೆಳಕಿನಲ್ಲಿ ಇನ್ನೂ ಯಾರು ಕುಳಿತಿದ್ದಾರೆ?' ಎಂದು ಒಬ್ಬರಾದರೂ ಕೇರಿಗೆ ಹೋಗಿ ನೋಡಲಿ. ವಾಚಕರಲ್ಲಿಯೂ ಒಂದು ವಿಜ್ಞಾಪನೆ: ತಮ್ಮ ಊರಿನಲ್ಲಿ ಆಂಟೆನಾ ಯಾವಾಗ ಎದ್ದಿತು, ಯಾವಾಗ ಇಳಿಯಿತು, ಮೊದಲ ಪೆಟ್ಟಿಗೆ ಯಾರ ಮನೆಗೆ ಬಂದಿತು ಎಂಬುದನ್ನು ಹಿರಿಯರಿಂದ ಕೇಳಿ ಬರೆದಿಡಬೇಕು. ಬ್ರಹ್ಮಗಿರಿಯ ಬಂಡೆ ಹೇಳದೆ ಬಿಟ್ಟ ಮಾತನ್ನು ನಮ್ಮ ಕಾಲದ ಮಟ್ಟಿಗಾದರೂ ನಾವು ಹೇಳಿಡೋಣ.