ದಮ್ಮು ಎಂಬ ಒಂದೇ ಹೆಸರು, ಅದರ ಹಿಂದಿನ ಹಲವು ಕಥೆಗಳು

ದೇವದುರ್ಗದ ಸಂತೆಯಲ್ಲಿ ಕೇಳಿ, ಮಾನ್ವಿ ಬಸ್ ಸ್ಟ್ಯಾಂಡಿನಲ್ಲಿ ಕೇಳಿ, ಉಸಿರಿನ ಎಲ್ಲ ತೊಂದರೆಗೂ ನಮ್ಮ ಕಡೆ ಒಂದೇ ಮಾತು: "ದಮ್ಮು ಹತ್ಯಾದ". ಬೀಡಿ ಸೇದಿದ ಅಜ್ಜನ ಉಬ್ಬಸವೂ ದಮ್ಮು, ಎಂಟು ತಿಂಗಳ ಕೂಸಿನ ನ್ಯುಮೋನಿಯಾವೂ ದಮ್ಮು. ಹತ್ತಿಗೆ ಎಣ್ಣೆ ಹೊಡೆದು ಬಂದು ಜೊಲ್ಲು ಸುರಿಸುತ್ತಾ ಏದುಸಿರು ಬಿಡುವವನದ್ದೂ ದಮ್ಮೇ. ಹೆಸರು ಒಂದಾದರೂ ಮದ್ದು ಒಂದಲ್ಲ. ಇವನ್ನು ಬೇರೆ ಬೇರೆ ಮಾಡಿ ನೋಡಲು ವೈದ್ಯರಿಗೇ ನೂರಾರು ವರ್ಷ ಹಿಡಿಯಿತು. ಆ ಕಥೆಯ ಒಂದು ಭಾಗ ನಡೆದದ್ದು ನಮ್ಮ ರಾಜ್ಯದ ಚಿನ್ನದ ಗಣಿಗಳಲ್ಲಿ.

ಚಿನ್ನ ಅಂದರೆ ನಮಗೆ ಮೊದಲು ನೆನಪಾಗುವುದು ಹಟ್ಟಿ. ಲಿಂಗಸುಗೂರು ತಾಲ್ಲೂಕಿನ ಆ ನೆಲವನ್ನು ಸುಮಾರು 2,000 ವರ್ಷಗಳ ಹಿಂದೆಯೇ 640 ಅಡಿ ಆಳದವರೆಗೆ ತೋಡಿದ್ದರು. ಡೈನಮೈಟ್ ಇಲ್ಲದ ಕಾಲ ಅದು. ಬಂಡೆಗೆ ಬೆಂಕಿ ಹಚ್ಚಿ ಕಾಯಿಸಿ, ಮೇಲೆ ನೀರು ಸುರಿದು ಸೀಳಿಸುತ್ತಿದ್ದರು. ಆಮೇಲೆ ಕಲ್ಲಿನ ಗುಂಡಿಗಳಲ್ಲಿ ಅದಿರು ಕುಟ್ಟಿ ಪುಡಿ ಮಾಡುತ್ತಿದ್ದರು. ಚಿನ್ನ ಹುಡುಕುತ್ತಾ ಬಂದ ಇಂಜಿನಿಯರ್ ಸಿ. ಬೀಡನ್ 1915ರಲ್ಲಿ ಮಸ್ಕಿಯ ಅಶೋಕ ಶಾಸನ ಕಂಡುಹಿಡಿದ ಕಥೆ ನಮ್ಮ ಜಿಲ್ಲೆಯ ಶಾಲೆ ಮಕ್ಕಳಿಗೂ ಗೊತ್ತು. ಆ ಕಿರಿದಾದ ಸುರಂಗದಲ್ಲಿ ಹೊಗೆ, ದೂಳು ಕುಡಿದವರ ಹೆಸರು ಮಾತ್ರ ಯಾವ ಶಾಸನದಲ್ಲೂ ಇಲ್ಲ.

ದೂಳಿನ ಲೆಕ್ಕ ಮೊದಲು ಸಿಕ್ಕಿದ್ದು ಕೋಲಾರದಲ್ಲಿ. ಜಾನ್ ಟೇಲರ್ ಕಂಪನಿ 1880ರಿಂದ ಅಲ್ಲಿ ಗಣಿ ನಡೆಸಿತು. ಗಾಳಿಯ ಒತ್ತಡದಿಂದ ಓಡುವ ಡ್ರಿಲ್ಲಿಂಗ್ ಯಂತ್ರ ಬಂದ ಮೇಲೆ ಕೆಲಸ ಬೇಗ ಸಾಗಿತು, ದೂಳೂ ಹೆಚ್ಚಿತು. ಚಿನ್ನ ಇರುವುದು ಬಿಳಿಗಲ್ಲಿನಲ್ಲಿ, ಬಿಳಿಗಲ್ಲು ಅಂದರೆ ಸಿಲಿಕಾ. ಅದರ ಅತಿ ಸಣ್ಣ ಕಣ ಕಣ್ಣಿಗೆ ಕಾಣದು, ಕೆಮ್ಮಿದರೂ ಹೊರಬರದು. ಶ್ವಾಸಕೋಶದ ತಳ ಸೇರುತ್ತದೆ. ಅದನ್ನು ನುಂಗಲು ಬಂದ ದೇಹದ ಕಾವಲು ಕೋಶ ತಾನೇ ಸಾಯುತ್ತದೆ. ಅಲ್ಲಿ ಗಾಯವಾಗಿ ಕಲೆ ಉಳಿಯುತ್ತದೆ. ಕಲೆ ಬಿದ್ದ ಜಾಗ ರಬ್ಬರಿನಂತೆ ಹಿಗ್ಗದು. ಹತ್ತು, ಇಪ್ಪತ್ತು ವರ್ಷ ಏನೂ ಗೊತ್ತಾಗದೆ, ಆಮೇಲೆ ದಿಬ್ಬ ಹತ್ತುವಾಗ ದಮ್ಮು, ಕೊನೆಗೆ ಕುಂತಲ್ಲೇ ದಮ್ಮು. ಇದೇ ಸಿಲಿಕೋಸಿಸ್.

1940ರಲ್ಲಿ ಮೈಸೂರು ಸಂಸ್ಥಾನ ಸಿಲಿಕೋಸಿಸ್ ನಿಯಮಗಳನ್ನು ತಂದಿತು. ನಂತರ ಕೋಲಾರದಲ್ಲಿ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ 43ಕ್ಕಿಂತ ಹೆಚ್ಚು ಮಂದಿಯಲ್ಲಿ ಈ ಕಾಯಿಲೆ ಕಂಡಿತು. 1947ರಲ್ಲಿ ಅದು ಪ್ರಕಟವಾಯಿತು. ಭಾರತದ ವೈದ್ಯಕೀಯ ಪುಸ್ತಕಗಳು ಇಂದಿಗೂ ಸಿಲಿಕೋಸಿಸ್ ಪಾಠವನ್ನು ಶುರು ಮಾಡುವುದು ಈ ಲೆಕ್ಕದಿಂದಲೇ. ಅದೇ 1947ರಲ್ಲಿ ನಿಜಾಮರ ಸೀಮೆಯಲ್ಲಿದ್ದ ನಮ್ಮ ಹಟ್ಟಿ ಗಣಿಗೆ ಹೊಸ ಕಂಪನಿ ಬಂತು. ಈಗ ದೇವದುರ್ಗ ತಾಲ್ಲೂಕಿನ ಊಟಿಯಲ್ಲೂ ಚಿನ್ನದ ಗಣಿ ಇದೆ. ಗಣಿಗಳಲ್ಲಿ ನೀರು ಹಾಯಿಸಿ ಡ್ರಿಲ್ ಮಾಡುವ ಪದ್ಧತಿ ಬಂದಿದೆ. ನಮಗೆ ಹೆಚ್ಚು ಚಿಂತೆ ಇರುವುದು ಲೆಕ್ಕಕ್ಕೇ ಸಿಗದವರ ಬಗ್ಗೆ: ಕಲ್ಲು ಕ್ವಾರಿ, ಜಲ್ಲಿ ಕ್ರಷರ್, ದುಡಿಯಲು ಬೆಂಗಳೂರಿಗೆ ಹೋಗಿ ಟೈಲ್ಸ್, ಗ್ರಾನೈಟ್ ಕೊಯ್ಯುವ ನಮ್ಮೂರ ಹುಡುಗರು. 1948ರ ಕಾರ್ಖಾನೆ ಕಾಯ್ದೆ, 1952ರ ಗಣಿ ಕಾಯ್ದೆ ಎರಡರಲ್ಲೂ ಈ ಕಾಯಿಲೆಗೆ ಹೆಸರಿತ್ತು, ಪರಿಹಾರದ ದಾರಿಯೂ ಇದೆ. ಆದರೆ ಹಾಜರಿ ಪುಸ್ತಕವೇ ಇಲ್ಲದ ಕೆಲಸದಲ್ಲಿ ಯಾವ ಕಾಯ್ದೆ ಹಿಡಿದು ಕೇಳುವುದು?

ಇನ್ನೊಂದು ತೊಡಕು ಟಿಬಿ. ಸಿಲಿಕೋಸಿಸ್ ಆದವರಿಗೆ ಟಿಬಿ ಬೇಗ ತಗಲುತ್ತದೆ. ಟಿಬಿ ಇಲ್ಲದಿದ್ದರೂ ಎಕ್ಸ್‌ರೇಯಲ್ಲಿ ಎರಡೂ ಒಂದೇ ಥರ ಕಂಡು ಮೋಸವಾಗುವುದುಂಟು. 1882ರಲ್ಲಿ ರಾಬರ್ಟ್ ಕಾಕ್ ಟಿಬಿಯ ರೋಗಾಣು ಕಂಡುಹಿಡಿದ ಮೇಲೆ ಕಫ ಪರೀಕ್ಷೆ ಮಾಡಿ ಹೇಳುವ ದಾರಿ ಸಿಕ್ಕಿತು. ಹಾಗಾಗಿ ಡಾಕ್ಟರ್ ಕೇಳದಿದ್ದರೂ "ಇಷ್ಟು ವರ್ಷ ಕಲ್ಲಿನ ಕೆಲಸ ಮಾಡೀನ್ರಿ" ಅಂತ ನೀವೇ ಹೇಳಬೇಕು. ಎಷ್ಟೋ ಸಲ ಯಂತ್ರಕ್ಕಿಂತ ಆ ಒಂದು ಮಾತೇ ಹೆಚ್ಚು ಕೆಲಸ ಮಾಡುತ್ತದೆ.

ಮಕ್ಕಳ ಕಥೆ ಬೇರೆ. ಅಲ್ಲಿ ಗೆದ್ದದ್ದು ಯಂತ್ರ ಅಲ್ಲ, ಎಣಿಕೆ. ಎದೆಗೆ ಕೊಳವೆ ಹಚ್ಚಿ ಕೇಳುವ ಸ್ಟೆತಸ್ಕೋಪನ್ನು ಫ್ರಾನ್ಸಿನ ಲೆನೆಕ್ 1816ರಲ್ಲೇ ಮಾಡಿದ್ದ. ಆದರೆ ಡಾಕ್ಟರೇ ಇಲ್ಲದ ಊರಿನಲ್ಲಿ ಅದರಿಂದ ಏನು ಉಪಯೋಗ? 1980ರ ದಶಕದಲ್ಲಿ ಪಪುವಾ ನ್ಯೂಗಿನಿಯಲ್ಲಿದ್ದ ವೈದ್ಯ ಫ್ರಾಂಕ್ ಶಾನ್, ಕೆಮ್ಮುವ ಮಗುವಿನ ಉಸಿರು ಎಣಿಸಿದರೆ ನ್ಯುಮೋನಿಯಾ ಗುರುತಿಸಬಹುದು ಎಂದು ತೋರಿಸಿದರು. ಅದೇ ಹೊತ್ತಿಗೆ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ್ ಬಂಗ್, ರಾಣಿ ಬಂಗ್ ದಂಪತಿ ಹಳ್ಳಿಯವರಿಗೆ, ಸೂಲಗಿತ್ತಿಯರಿಗೆ ಇದನ್ನು ಕಲಿಸಿದರು. ಎಣಿಕೆ ಬಾರದವರಿಗೆ ಮಣಿ ಸರಿಸುವ ಸಾಧನ ಮಾಡಿಕೊಟ್ಟರು. ಅಲ್ಲಿ ಮಕ್ಕಳ ಸಾವು ಇಳಿದದ್ದು 1990ರಲ್ಲಿ ವೈದ್ಯರ ದೊಡ್ಡ ಪತ್ರಿಕೆಯಲ್ಲಿ ಬಂತು. ಓದು ಬಾರದ ಸೂಲಗಿತ್ತಿ ಮಾಡಿದ ಕೆಲಸವನ್ನು ಮೊಬೈಲ್ ಕೈಯಲ್ಲಿರುವ ನಾವು ಮಾಡಲಾರೆವೇ?

ಕೂಸು ಅಳದೆ, ಹಾಲು ಕುಡಿಯದೆ ಸುಮ್ಮನಿರುವಾಗ ಅಂಗಿ ಎತ್ತಿ, ಪೂರ್ತಿ ಒಂದು ನಿಮಿಷ ಹೊಟ್ಟೆ ಏರಿಳಿಯುವುದನ್ನು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, ಒಂದು ವರ್ಷದೊಳಗಿನದಕ್ಕೆ 50 ಅಥವಾ ಹೆಚ್ಚು, ಐದು ವರ್ಷದೊಳಗಿನದಕ್ಕೆ 40 ಅಥವಾ ಹೆಚ್ಚು ಬಂದರೆ ಆಸ್ಪತ್ರೆಗೆ ಹೊರಡಿ. ಉಸಿರು ಒಳಗೆ ಎಳೆದಾಗ ಪಕ್ಕೆ ಒಳಕ್ಕೆ ಸೇದಿದರೆ, ಮೂಗಿನ ಹೊಳ್ಳೆ ಅರಳಿದರೆ, ನರಳಿದರೆ, ಹಾಲು ಬಿಟ್ಟರೆ ಎಣಿಸುತ್ತಾ ಕೂರಬೇಡಿ, ಕೂಡಲೇ ಹೊರಡಿ. ಹೊಟ್ಟೆಗೆ ಬರೆ ಹಾಕಿಸುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಬರೆಯಿಂದ ಉಸಿರು ಸುಧಾರಿಸದು, ಗಾಯ ಕೀವಾಗುತ್ತದೆ, ಹೊತ್ತೂ ಹೋಗುತ್ತದೆ.

ದೊಡ್ಡವರಲ್ಲಿ ಗುರುತು ಇನ್ನೂ ಸುಲಭ. ಒಂದು ವಾಕ್ಯ ಪೂರ್ತಿ ಮಾತಾಡಲಾಗದೆ ನಡುವೆ ಉಸಿರು ಎಳೆಯುವುದು, ಮಲಗಲಾಗದೆ ಮುಂದಕ್ಕೆ ಬಾಗಿ ಕೂರುವುದು, ನಾಲಿಗೆ, ತುಟಿಯ ಒಳಬದಿ ನೀಲಿಯಾಗುವುದು, ಮಂಕಾಗುವುದು. ಕಾರಣ ಅಸ್ತಮಾ ಇರಬಹುದು, ಬೀಡಿಯದೋ ಒಲೆ ಹೊಗೆಯದೋ ಇರಬಹುದು. ಕಾಲು ಬಾತು, ಮಲಗಿದರೆ ದಮ್ಮು ಹೆಚ್ಚಾದರೆ ಹೃದಯದ್ದೂ ಇರಬಹುದು. ಬಸುರಿಯರಲ್ಲಿ ರಕ್ತ ಕಡಿಮೆಯಾದರೂ ದಮ್ಮು ಬರುತ್ತದೆ.

ಎಣ್ಣೆಯದು ಕೊನೆಗೆ ಬಂದ ಕಾರಣ. 1958ರಲ್ಲಿ ಕೇರಳಕ್ಕೆ ಸಾಗಿಸಿದ ಆಹಾರಕ್ಕೆ ಫಾಲಿಡಾಲ್ ಬೆರೆತು ನೂರಕ್ಕೂ ಹೆಚ್ಚು ಮಂದಿ ಸತ್ತರು. ಕೀಟನಾಶಕ ಕಾಯ್ದೆ ಬಂದದ್ದು ಅದಾದ ಹತ್ತು ವರ್ಷಕ್ಕೆ, 1968ರಲ್ಲಿ. ಫಾಲಿಡಾಲ್ ಜಾತಿಯ ವಿಷ ಏರಿದವರಲ್ಲಿ ಕಣ್ಣಿನ ಪಾಪೆ ಸೂಜಿ ಮೊನೆಯಷ್ಟಾಗುತ್ತದೆ. ಜೊಲ್ಲು, ಬೆವರು ಸುರಿದು ಎದೆಯಲ್ಲಿ ಕಫ ಗೊರಗೊರ ಅನ್ನುತ್ತದೆ. ಅವರನ್ನು ಹೊಲದಿಂದ ಗಾಳಿಗೆ ತನ್ನಿ. ಬಟ್ಟೆ ಬಿಚ್ಚಿ ಸೋಪು ನೀರಿನಲ್ಲಿ ತೊಳೆಯಿರಿ. ತೊಳೆಯುವವರು ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಕಟ್ಟಿಕೊಳ್ಳಿ. ವಾಂತಿ ಮಾಡಿಸಬೇಡಿ. ಇದಕ್ಕೆ ಅಟ್ರೋಪಿನ್ ಎಂಬ ಇಂಜೆಕ್ಷನ್ ಇದೆ, ಆದರೆ ಹೊತ್ತು ಮೀರಬಾರದು.

2007ರಲ್ಲಿ ರಾಯಚೂರಿಗೆ ರಿಮ್ಸ್ ಬಂತು, 2008ರಲ್ಲಿ ರಾಜ್ಯಕ್ಕೆ 108 ಆಂಬುಲೆನ್ಸ್ ಬಂತು. ಫೋನ್ ಮಾಡಿದಾಗ "ದಮ್ಮು ಹತ್ಯಾದ" ಅಂದಷ್ಟಕ್ಕೆ ನಿಲ್ಲಿಸಬೇಡಿ. ವಯಸ್ಸು, ಒಂದು ನಿಮಿಷಕ್ಕೆ ಎಷ್ಟು ಉಸಿರು, ಯಾವಾಗಿನಿಂದ, ಮಾತಾಡುತ್ತಾರೋ ಇಲ್ಲವೋ ಅಷ್ಟು ಹೇಳಿ. ಎಣ್ಣೆ ಹೊಡೆದವರಾದರೆ ಅದರ ಡಬ್ಬಿಯನ್ನು ಚೀಲದಲ್ಲಿ ಕಟ್ಟಿ ಜೊತೆಗೆ ಒಯ್ಯಿರಿ, ಮೇಲಿನ ಚೀಟಿ ಹರಿಯದಂತೆ.