ಪುಸ್ತಕವೋ, ಕಂಬಳಿಯೋ? ತಾಳವಾಡಿಯ ಅಭಿಮಾನಿಗಳ ಮಾತಿನಲ್ಲಿ ಪುನೀತ್ ರಾಜ್‌ಕುಮಾರ್ ಅವರ ಬಾಲಪಾತ್ರಗಳು

ನನ್ನ ವಿಷಯ ಸಣ್ಣದು. ತಾಳವಾಡಿ ಕಡೆಯ ಜನ ಪುನೀತ್ ರಾಜ್‌ಕುಮಾರ್ ಅವರು ಹುಡುಗನಾಗಿದ್ದಾಗ ಮಾಡಿದ ಪಾತ್ರಗಳ ಬಗ್ಗೆ ಹೇಗೆ ಮಾತಾಡುತ್ತಾರೆ, ಆ ಮಾತಿನಿಂದ ಗಡಿಯಾಚೆಯ ಕನ್ನಡದ ಚರಿತ್ರೆಗೆ ಏನಾದರೂ ಸಿಗುತ್ತದೆಯೇ, ಇಷ್ಟೇ. ನಮ್ಮ ಗೋಷ್ಠಿಯಲ್ಲಿ ಶಾಸನ, ಜನಗಣತಿ, ಮಹಾಜನ್ ವರದಿ ಇವೆಲ್ಲ ಆಕರಗಳಾಗಿ ಬರುತ್ತವೆ. ಅಭಿಮಾನಿಗಳ ಜಗಳ ಆಕರವಾಗಿ ಬರುವುದು ಕಡಿಮೆ. ಆದರೂ ನಮ್ಮ ಕಡೆ ಭಾಷೆಯ ಬಗ್ಗೆ ನೇರವಾಗಿ ಕೇಳಿದರೆ ಜನ ಎರಡು ಮಾತಿನಲ್ಲಿ ಮುಗಿಸುತ್ತಾರೆ. ಸಿನಿಮಾದ ಬಗ್ಗೆ ಕೇಳಿದರೆ ಗಂಟೆಗಟ್ಟಲೆ ಮಾತಾಡುತ್ತಾರೆ. ಹಾಗೆ ಮಾತಾಡುವಾಗ ಭಾಷೆಯ ಮಾತೂ ತಾನಾಗಿಯೇ ಬರುತ್ತದೆ. ನಾನು ಮಾತಾಡಿಸಿದ್ದು ನೆಂಟರು, ನೆರೆಹೊರೆಯವರು, ಚಹಾ ಅಂಗಡಿಗೆ ಬರುವವರು. ಯಾರ ಹೆಸರನ್ನೂ ಹೇಳುವುದಿಲ್ಲ.

ಮೊದಲು ಜಾಗದ ಬಗ್ಗೆ. ತಾಳವಾಡಿ ಈಗ ತಮಿಳುನಾಡಿನ ಈರೋಡ್ ಜಿಲ್ಲೆಯಲ್ಲಿದೆ. 1956ರವರೆಗೆ ಕೊಳ್ಳೇಗಾಲವೂ ತಾಳವಾಡಿಯೂ ಒಂದೇ ಕೊಯಮತ್ತೂರು ಜಿಲ್ಲೆಯಲ್ಲಿದ್ದವು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು, ತಾಳವಾಡಿ ಅಲ್ಲೇ ಉಳಿಯಿತು. ತಮಿಳು ಸೀಮೆಯ ಸತ್ಯಮಂಗಲಕ್ಕೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವು ಇಳಿಯಬೇಕು; ಚಾಮರಾಜನಗರಕ್ಕಾದರೆ ಬಯಲು ದಾರಿ. ಸಂತೆ, ಸಂಬಂಧ, ಸಿನಿಮಾ ಎಲ್ಲಕ್ಕೂ ನಮ್ಮವರು ಹೋಗುತ್ತಿದ್ದದ್ದು ಚಾಮರಾಜನಗರದ ಕಡೆಗೇ. ಆ ದಾರಿಯಲ್ಲೇ ಗಾಜನೂರು ಸಿಗುತ್ತದೆ. ಶಿವಮೊಗ್ಗದ ತುಂಗಾ ಅಣೆಕಟ್ಟಿನ ಗಾಜನೂರಲ್ಲ, ಡಾ. ರಾಜ್‌ಕುಮಾರ್ ಅವರ ಗಾಜನೂರು. 2000ದ ಜುಲೈ 30ರ ರಾತ್ರಿ ವೀರಪ್ಪನ್ ಅವರನ್ನು ಅಪಹರಿಸಿದ್ದು ಇಲ್ಲಿಂದಲೇ. ಬಿಡುಗಡೆಗೆ 108 ದಿನ ಹಿಡಿಯಿತು. ಕರ್ನಾಟಕದ ಅನೇಕರಿಗೆ ಗಾಜನೂರು ತಮಿಳುನಾಡಿನಲ್ಲಿದೆ ಅಂತ ಗೊತ್ತಾದದ್ದೇ ಆಗ, ಅಂತ ನಮ್ಮ ಸೋದರಮಾವ ಈಗಲೂ ನಗುತ್ತಾರೆ.

ಹೀಗಾಗಿ ಪುನೀತ್ ನಮ್ಮ ಕಡೆ 'ನಮ್ಮೂರ ಹುಡುಗ'. ಅವರು ಹುಟ್ಟಿದ್ದು 1975ರ ಮಾರ್ಚ್ 17ರಂದು, ಮದ್ರಾಸಿನಲ್ಲಿ. ಕನ್ನಡ ಚಿತ್ರರಂಗದ ಬಹುಪಾಲು ಕೆಲಸ ಅಲ್ಲಿನ ಸ್ಟುಡಿಯೋಗಳಲ್ಲೇ ನಡೆಯುತ್ತಿದ್ದ ಕಾಲ ಮುಗಿಯುತ್ತಾ ಬಂದಿತ್ತು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' (1934) ಚಿತ್ರೀಕರಣವಾದದ್ದೂ ಕೊಲ್ಲಾಪುರದಲ್ಲಿ. ಅಂದರೆ ಕನ್ನಡ ಸಿನಿಮಾ ತನ್ನ ಮೊದಲ ದಶಕಗಳನ್ನು ಗಡಿಯ ಆಚೆಯೇ ಕಳೆಯಿತು. ಈ ಅಂಶವನ್ನು ನಾವು ಚರಿತ್ರೆಯಲ್ಲಿ ಬರೆಯುತ್ತೇವೆ, ಗಡಿ ಅಧ್ಯಯನದಲ್ಲಿ ಮರೆಯುತ್ತೇವೆ.

ಈಗ ಪಾತ್ರಗಳಿಗೆ ಬರೋಣ. 'ಅಪ್ಪು ಮಾಡಿದ್ದರಲ್ಲಿ ಯಾವ ಪಾರ್ಟು ಚೆಂದ?' ಅಂತ ಕೇಳಿದರೆ ಉತ್ತರ ತಲೆಮಾರಿನ ಪ್ರಕಾರ ಬೇರೆಯಾಗುತ್ತದೆ.

ಅಜ್ಜಿ ತಾತಂದಿರ ಉತ್ತರ 'ಭಕ್ತ ಪ್ರಹ್ಲಾದ' (1983). ತಂದೆ ಹಿರಣ್ಯಕಶಿಪು, ಮಗ ಪ್ರಹ್ಲಾದ, ಅದೂ ನಿಜವಾದ ಅಪ್ಪ ಮಗ. ರಾಜ್‌ಕುಮಾರ್ ಅವರ ತಂದೆ ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ನಟರಾಗಿದ್ದರು. ಮಗನೂ ಅದೇ ಕಂಪನಿಯಿಂದ ಬಂದವರು. ಹಾಗಾಗಿ ಹಿರಿಯರು ಈ ಚಿತ್ರವನ್ನು ನಾಟಕವನ್ನು ನೋಡಿದ ಹಾಗೇ ನೋಡುತ್ತಾರೆ. ಕ್ಯಾಮೆರಾ, ಎಡಿಟಿಂಗ್ ಅವರ ಮಾತಿನಲ್ಲಿ ಬರುವುದಿಲ್ಲ. ಹುಡುಗ ಮಾತು ತಪ್ಪಲಿಲ್ಲ, ಉಚ್ಚಾರ ಸ್ಪಷ್ಟ, ಅಪ್ಪನ ಎದುರಿಗೆ ಹೆದರಲಿಲ್ಲ, ಇದು ಅವರ ವಿಮರ್ಶೆ. ಉಚ್ಚಾರಕ್ಕೆ ಇಷ್ಟು ಬೆಲೆ ಕೊಡುವುದನ್ನು ಗಮನಿಸಬೇಕು. ತಮ್ಮ ಮೊಮ್ಮಕ್ಕಳ ಕನ್ನಡದಲ್ಲಿ ತಮಿಳು ಸೇರುವುದನ್ನು ದಿನವೂ ಕೇಳುವವರು ಅವರು.

ನಡುವಯಸ್ಸಿನವರು 'ಚಲಿಸುವ ಮೋಡಗಳು' (1982), 'ಎರಡು ನಕ್ಷತ್ರಗಳು' (1983) ಎನ್ನುತ್ತಾರೆ. ಎರಡೂ ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶನದವು, ಎರಡಕ್ಕೂ ಪುನೀತ್‌ಗೆ ರಾಜ್ಯ ಪ್ರಶಸ್ತಿ ಬಂದಿತ್ತು. ಆದರೆ ಮಾತು ಅಲ್ಲಿ ನಿಲ್ಲುವುದಿಲ್ಲ, ಎಲ್ಲರೂ 'ಬೆಟ್ಟದ ಹೂವು' (1985) ಚಿತ್ರಕ್ಕೆ ಬಂದು ಸೇರುತ್ತಾರೆ. ಜಗಳ ಶುರುವಾಗುವುದೂ ಅಲ್ಲಿಯೇ.

ಎನ್. ಲಕ್ಷ್ಮೀನಾರಾಯಣ್ ನಿರ್ದೇಶಿಸಿದ ಈ ಚಿತ್ರ ಶರ್ಲಿ ಎಲ್. ಅರೋರಾ ಅವರ 'ವಾಟ್ ದೆನ್, ರಾಮನ್?' ಎಂಬ ಇಂಗ್ಲಿಷ್ ಮಕ್ಕಳ ಕಾದಂಬರಿಯನ್ನು ಆಧರಿಸಿದ್ದು. ಬಡವರ ಮನೆಯ ಹುಡುಗ ರಾಮು. ಓದಿನ ಹುಚ್ಚು. ಬೆಟ್ಟ ಹತ್ತಿ ಅಪರೂಪದ ಹೂಗಳನ್ನು ತಂದು ವಿದೇಶಿ ಮೇಡಂಗೆ ಕೊಟ್ಟು ಕಾಸು ಕೂಡಿಸುತ್ತಾನೆ. ಯಾಕೆಂದರೆ ಅವನಿಗೆ ಒಂದು ಪುಸ್ತಕ ಬೇಕು. ಕಾದಂಬರಿಯ ಹುಡುಗ ಆಸೆಪಡುವುದು ರಾಮಾಯಣಕ್ಕೆ. ಕನ್ನಡಕ್ಕೆ ಬಂದಾಗ ಅದು ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಆಯಿತು. ಎಂ.ಎ. ತರಗತಿಯಲ್ಲಿ ನಾವೇ ತಿಣುಕಾಡುವ ಮಹಾಕಾವ್ಯ! ಹುಡುಗನಿಗೆ ಅದು ಅರ್ಥವಾಗುತ್ತದೆಯೇ ಎಂಬುದು ಇಲ್ಲಿ ಪ್ರಶ್ನೆಯಲ್ಲ. ಅದು ಅವನ ಕಣ್ಣಿಗೆ ಕನ್ನಡದ ಅತಿ ದೊಡ್ಡ ಪುಸ್ತಕ. ಕೊನೆಗೆ ಕಾಸು ಸೇರಿದಾಗ ಮನೆಯವರು ಚಳಿಯಲ್ಲಿ ನಡುಗುತ್ತಿರುವುದನ್ನು ಕಂಡು ರಾಮು ಕಂಬಳಿ ಕೊಳ್ಳುತ್ತಾನೆ. ಈ ಪಾತ್ರಕ್ಕೆ ಪುನೀತ್‌ಗೆ ಅತ್ಯುತ್ತಮ ಬಾಲನಟ ರಾಷ್ಟ್ರಪ್ರಶಸ್ತಿ ಬಂತು.

ಚಿತ್ರ ಬಂದ ಕಾಲವನ್ನೂ ನೋಡಬೇಕು. ಗೋಕಾಕ್ ಚಳವಳಿಗೆ ರಾಜ್‌ಕುಮಾರ್ ಇಳಿದದ್ದು 1982ರಲ್ಲಿ. ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕು ಎಂಬುದು ಅದರ ಬೇಡಿಕೆ. ಮೂರು ವರ್ಷಕ್ಕೆ ಅವರದೇ ಮನೆಯ ಹುಡುಗ ಕನ್ನಡ ಕಾವ್ಯಕ್ಕಾಗಿ ಬೆಟ್ಟ ಹತ್ತುವ ಪಾತ್ರ ಮಾಡಿದ. ಒಂದರಿಂದಲೇ ಇನ್ನೊಂದು ಹುಟ್ಟಿತು ಅಂತ ನಾನು ಹೇಳುತ್ತಿಲ್ಲ. ನೋಡಿದವರ ಮನಸ್ಸಿನಲ್ಲಿ ಎರಡೂ ಸೇರಿಕೊಂಡಿವೆ. ಆದರೆ ಗೋಕಾಕ್ ಚಳವಳಿ ಗೆದ್ದದ್ದು ಕರ್ನಾಟಕದ ಶಾಲೆಗಳಿಗೆ. ರಾಜ್‌ಕುಮಾರ್ ಅವರ ಸ್ವಂತ ಗಾಜನೂರಿನ ಶಾಲೆಗೆ ಅದು ಅನ್ವಯಿಸಲಿಲ್ಲ. ಇದನ್ನು ನಮ್ಮ ಕಡೆಯವರು ದೂರಾಗಿ ಹೇಳುವುದಿಲ್ಲ, ಸುಮ್ಮನೆ ಹೇಳುತ್ತಾರೆ.

ಈಗ ಜಗಳ. ರಾಮು ಪುಸ್ತಕ ಕೊಳ್ಳಬೇಕಿತ್ತೋ, ಕಂಬಳಿ ಕೊಂಡದ್ದೇ ಸರಿಯೋ? ನಮ್ಮ ದೊಡ್ಡಮ್ಮನ ತೀರ್ಪು: "ಚಳಿಗ ಪುಸ್ತಕನ ಹೊದ್ಕಂಡು ಮನಿಕಳಕ್ಕಾದ್ದ ಕೂಸೇ?" ಪಕ್ಕದಲ್ಲೇ ಇದ್ದ ನಿವೃತ್ತ ಮೇಷ್ಟ್ರು ಒಪ್ಪಲಿಲ್ಲ. ಕಂಬಳಿ ಆ ವರ್ಷಕ್ಕಾಯಿತು, ಪುಸ್ತಕ ಇದ್ದಿದ್ದರೆ ಮನೆಗೇ ಆಗುತ್ತಿತ್ತು ಎಂದರು. ಮಾತು ಮುಂದುವರಿದ ಹಾಗೆ ರಾಮು ಹಿಂದೆ ಸರಿದ, ಮೊಮ್ಮಗಳು ಮುಂದೆ ಬಂದಳು. ಅವಳನ್ನು ಕನ್ನಡ ಮಾಧ್ಯಮಕ್ಕೆ ಹಾಕಬೇಕೋ, ತಮಿಳಿಗೋ, ಇಂಗ್ಲಿಷಿಗೋ? ಕನ್ನಡ ಓದಿದರೆ ಈರೋಡಿನಲ್ಲಿ ಕೆಲಸ ಸಿಗುತ್ತದೆಯೇ? ತಮಿಳು ಓದಿದರೆ ಮನೆಯಲ್ಲಿ ಬಂದ ಪತ್ರಿಕೆಯನ್ನು ಯಾರು ಓದುವುದು?

ಈ ಪ್ರಶ್ನೆಗೂ ಒಂದು ಚರಿತ್ರೆ ಇದೆ. 2006ರ ತಮಿಳು ಕಲಿಕೆ ಕಾಯ್ದೆಯಿಂದ 1ನೇ ತರಗತಿಗೆ ತಮಿಳು ಕಡ್ಡಾಯವಾಯಿತು. ವರ್ಷಕ್ಕೊಂದು ತರಗತಿಯಂತೆ ಏರುತ್ತಾ 2015-16ಕ್ಕೆ ಅದು 10ನೇ ತರಗತಿ ತಲುಪಿತು. ಭಾಷಾ ಅಲ್ಪಸಂಖ್ಯಾತ ಮಕ್ಕಳು ವಿನಾಯಿತಿಗಾಗಿ ನ್ಯಾಯಾಲಯಕ್ಕೆ ಹೋಗಬೇಕಾಯಿತು. ತಮಿಳು ಕಲಿಯುವುದನ್ನು ನಮ್ಮವರು ವಿರೋಧಿಸುವುದಿಲ್ಲ. ಅನ್ನದ ಭಾಷೆ ಅದು ಅಂತ ಅವರಿಗೆ ಗೊತ್ತು. ಕಂಬಳಿ ಕೊಂಡಮೇಲೂ ಪುಸ್ತಕಕ್ಕೆ ಕಾಸು ಉಳಿಯುತ್ತದೆಯೇ ಎಂಬುದು ಅವರ ಚಿಂತೆ. 1985ರ ಸಿನಿಮಾ 2006ರ ನಂತರದ ಪ್ರಶ್ನೆಗೆ ಮಾತು ಒದಗಿಸಿತು. ನನ್ನ ವಾದ ಇಷ್ಟೇ: ನಮ್ಮ ಕಡೆ 'ಬೆಟ್ಟದ ಹೂವು' ಚಿತ್ರದ ಚರ್ಚೆ ಎಂದರೆ ಶಿಕ್ಷಣ ಮಾಧ್ಯಮದ ಚರ್ಚೆ.

ಹೋಲಿಕೆಗೆ ಕಾಸರಗೋಡಿಗೆ ಒಮ್ಮೆ ಹೋಗಿ ಬರೋಣ. ಅಲ್ಲಿ ಮಲಯಾಳ ಕಡ್ಡಾಯ ಕಾಯ್ದೆ ಬಂದದ್ದು 2017ರಲ್ಲಿ. ಮರುವರ್ಷ ರಿಷಬ್ ಶೆಟ್ಟಿ ಅವರ 'ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ' ಬಂತು, ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಅಲ್ಲಿ ಮಕ್ಕಳೇ ಗುಂಪಾಗಿ ನಾಯಕರು. ಕನ್ನಡ ಶಾಲೆಗೆ ಕನ್ನಡ ಬಾರದ ಮೇಷ್ಟ್ರು ಬಂದರೆ ಏನಾಗುತ್ತದೆ ಎಂಬುದು ಕಥೆಯ ಒಂದು ಎಳೆ. ರಾಮುವಿಗೆ ಕಾಸಿರಲಿಲ್ಲ, ಇವರಿಗೆ ಕಲಿಸುವವರಿಲ್ಲ. ಅಲ್ಲಿ ನಗಿಸುತ್ತಲೇ ನ್ಯಾಯ ಕೇಳುತ್ತಾರೆ. ರಾಮು ಯಾರನ್ನೂ ಕೇಳುವುದಿಲ್ಲ, ತಾನೇ ಬಿಟ್ಟುಕೊಡುತ್ತಾನೆ. ಕಾಸರಗೋಡಿನಲ್ಲಿ ಸಂಘಟಿತ ಹೋರಾಟ ಇತ್ತು, ತಾಳವಾಡಿಯಲ್ಲಿ ಆ ಪ್ರಮಾಣದಲ್ಲಿ ಇರಲಿಲ್ಲ. ಯಾವ ಊರಿನವರಿಗೆ ಯಾವ ಪಾತ್ರ ಹತ್ತಿರವಾಯಿತು ಎಂಬುದರಲ್ಲಿ ಈ ವ್ಯತ್ಯಾಸವೂ ಇದೆ.

ನನ್ನ ತಲೆಮಾರಿನವರು ಹೇಳುವುದು 'ರಾಜಕುಮಾರ' (2017), 'ಯುವರತ್ನ' (2021). 'ಯುವರತ್ನ' ಶಿಕ್ಷಣದ ಖಾಸಗೀಕರಣದ ಕಥೆ. ಪುನೀತ್ ಬದುಕಿದ್ದಾಗ ತೆರೆಕಂಡ ಕೊನೆಯ ಚಿತ್ರ. ಅದೇ ವರ್ಷ ಅಕ್ಟೋಬರ್ 29ರಂದು ಅವರು ತೀರಿಕೊಂಡರು. ಆಮೇಲೆ ಹುಡುಗರ ಬಾಯಲ್ಲಿ ಒಂದು ಹೊಸ ಜೋಡಣೆ ಹುಟ್ಟಿಕೊಂಡಿದೆ: ಶಾಲೆ ಬಿಟ್ಟ ರಾಮುವೇ ದೊಡ್ಡವನಾಗಿ ಕಾಲೇಜು ಉಳಿಸಲು ಬಂದ ಅಂತ. ನಿರ್ದೇಶಕರು ಬೇರೆ, ಕಥೆ ಬೇರೆ, ನಡುವೆ 36 ವರ್ಷ. ಅಭಿಮಾನಿಗಳು ಎರಡನ್ನೂ ಒಂದೇ ಬದುಕಾಗಿ ಹೊಲಿದಿದ್ದಾರೆ.

ಕೊನೆಯದಾಗಿ ಒಂದು ವಿನಂತಿ. ರಾಯದುರ್ಗ, ಅಕ್ಕಲಕೋಟೆ, ಜತ್ತ, ಹೊಸೂರು ಕಡೆಯ ಗೆಳೆಯರು ಇಲ್ಲಿದ್ದೀರಿ. ನಿಮ್ಮಲ್ಲಿ ಯಾವ ನಟನ ಯಾವ ಪಾತ್ರದ ಮೇಲೆ ಜನ ಜಗಳವಾಡುತ್ತಾರೆ ಅಂತ ಬರೆದಿಡಿ. ಟೆಂಟಿನಲ್ಲಿ ಸಿನಿಮಾ ನೋಡಿದ ತಲೆಮಾರು ಕಡಿಮೆಯಾಗುತ್ತಿದೆ.

ಸಂವಾದದಿಂದ

ಪ್ರಶ್ನೆ: ಅಭಿಮಾನಿಗಳ ನೆನಪನ್ನು ಆಕರವಾಗಿ ಎಷ್ಟು ನಂಬಬಹುದು?

ಉತ್ತರ: ಇಸವಿಗೆ ನಂಬಬಾರದು ಸರ್. ರಾಷ್ಟ್ರಪ್ರಶಸ್ತಿ ಬಂದದ್ದು 'ಭಕ್ತ ಪ್ರಹ್ಲಾದ'ಕ್ಕೆ ಅಂತ ಒಬ್ಬ ಅಜ್ಜ ಖಡಾಖಂಡಿತವಾಗಿ ಹೇಳಿದರು. ಇಸವಿ, ಪ್ರಶಸ್ತಿ ಇವನ್ನು ಬೇರೆ ಕಡೆ ನೋಡಿಕೊಳ್ಳುತ್ತೇನೆ. ಅವರು ಯಾವುದರ ಮೇಲೆ ದನಿ ಏರಿಸುತ್ತಾರೆ ಎಂಬುದನ್ನು ಮಾತ್ರ ಅವರಿಂದಲೇ ಕೇಳಬೇಕು, ಅದು ಬೇರೆಲ್ಲೂ ದಾಖಲಾಗಿಲ್ಲ.