ನೀಲಗಿರಿಯ ಹಕ್ಕಿಗಳೂ ಅವನ್ನು ನೋಡಿ ಬರೆದವರೂ

ಚರಿತ್ರೆಯೆಂದೊಡನೆ ನಮ್ಮ ಮನಸ್ಸು ಅರಸರ ಕಡೆಗೂ ಕದನಗಳ ಕಡೆಗೂ ಹರಿಯುವುದು ಸಹಜ. ನೀಲಗಿರಿಯ ಚರಿತ್ರೆಯನ್ನು ಹೇಳುವವರು 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಅವರು ಬೆಟ್ಟವೇರಿದುದನ್ನು ಹೇಳುವರು. ಕಾಫಿ, ಚಹಾ ತೋಟಗಳು ಎದ್ದುದನ್ನೂ ರೈಲು ಬಂದುದನ್ನೂ ವಿವರಿಸುವರು. ಆದರೆ ಅವರೆಲ್ಲರಿಗಿಂತ ಎಷ್ಟೋ ಮೊದಲಿನಿಂದ ಈ ಮಲೆಯಲ್ಲಿ ವಾಸವಾಗಿರುವ ಹಕ್ಕಿಗಳಿಗೂ ಒಂದು ಚರಿತ್ರೆಯುಂಟು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯಂತೆ, ಹಿತ್ತಲ ಹಕ್ಕಿಯ ಕಥೆಯು ನಮ್ಮ ಪಾಠದ ಕೋಣೆಯ ಹೊರಗೇ ಉಳಿದುಬಿಟ್ಟಿದೆ. ಆ ಚರಿತ್ರೆಯನ್ನು ಯಾರು ಬರೆದರು, ಹೇಗೆ ಬರೆದರು, ಇನ್ನು ಮುಂದೆ ಯಾರು ಬರೆಯಬೇಕು ಎಂಬುದನ್ನು ಉಪಾಧ್ಯಾಯ ಬಂಧುಗಳೂ ವಿದ್ಯಾರ್ಥಿಗಳೂ ನಮ್ಮೊಡನೆ ಕೊಂಚ ಆಲೋಚಿಸಬೇಕೆಂದು ಈ ಲೇಖನದ ಉದ್ದೇಶ.

ಮೊದಲು ನೆಲದ ಗುಣವನ್ನು ಅರಿಯೋಣ. ಉದಕಮಂಡಲವು ಸಮುದ್ರಮಟ್ಟದಿಂದ ಸುಮಾರು 2,200 ಮೀಟರು ಎತ್ತರದಲ್ಲಿದೆ. ಗೂಡಲೂರೂ ಮಸಿನಗುಡಿಯೂ ಸುಮಾರು ಸಾವಿರ ಮೀಟರಿನಲ್ಲಿವೆ. ಮುಂಗಾರು ಮಳೆಯು ಪಶ್ಚಿಮದ ಗೂಡಲೂರಿನ ಮೇಲೆ ಧಾರಾಕಾರವಾಗಿ ಸುರಿಯುವುದು. ಬೆಟ್ಟದ ಮರೆಯಲ್ಲಿರುವ ಮಸಿನಗುಡಿಗೆ ಅದರ ಪಾಲು ಸ್ವಲ್ಪವೇ. ಪೂರ್ವದ ಕೋಟಗಿರಿ, ಕೂನೂರುಗಳು ಹಿಂಗಾರನ್ನು ಹೆಚ್ಚಾಗಿ ನಂಬಿವೆ. ಒಂದೇ ಜಿಲ್ಲೆಯೊಳಗೆ ಹೀಗೆ ಎರಡು ಮಳೆಗಾಲಗಳಿರುವುದರಿಂದ ಹಣ್ಣು ಮಾಗುವ ಕಾಲ, ಹುಳುಹುಪ್ಪಟೆ ಹೆಚ್ಚುವ ಕಾಲ, ಹಕ್ಕಿ ಗೂಡು ಕಟ್ಟುವ ಕಾಲ ಊರಿಂದೂರಿಗೆ ಬೇರೆಯಾಗುವುವು. ಆದಕಾರಣ ಒಂದು ಊರಿನಲ್ಲಿ ಒಂದು ದಿನ ಕಂಡುದನ್ನು ಇಡೀ ನೀಲಗಿರಿಗೆ ಅನ್ವಯಿಸಲಾಗದು. ಇಲ್ಲಿಯ ಹಕ್ಕಿಗಳನ್ನು ಅರಿಯಬೇಕಾದರೆ ಹಲವು ಊರುಗಳಲ್ಲಿ, ವರ್ಷದುದ್ದಕ್ಕೂ ನೋಡುವ ಕಣ್ಣುಗಳು ಬೇಕು.

ತೋಡರೂ ಕೋತರೂ ಕುರುಂಬರೂ ಬಡಗರೂ ತಮ್ಮ ಸುತ್ತಲಿನ ಹಕ್ಕಿಗಳನ್ನು ತಲೆತಲಾಂತರದಿಂದ ಬಲ್ಲವರು. ಆದರೆ ಆ ಜ್ಞಾನವು ನಾಲಗೆಯಿಂದ ನಾಲಗೆಗೆ ನಡೆದು ಬಂದುದು. ಕಾಗದದ ಮೇಲೆ ಇಳಿದುದು ಅತ್ಯಲ್ಪ. ಕಾಗದದ ಚರಿತ್ರೆಯು ಥಾಮಸ್ ಜೆರ್ಡನ್ ಎಂಬ ವೈದ್ಯರಂಥವರಿಂದ ಮೊದಲಾಗುತ್ತದೆ. 1811ರಲ್ಲಿ ಜನಿಸಿದ ಇವರು 1836ರಲ್ಲಿ ಮದರಾಸಿಗೆ ಬಂದಿಳಿದು ಸೈನ್ಯದಲ್ಲಿ ವೈದ್ಯರಾದರು. ದಂಡು ಹೋದಲ್ಲೆಲ್ಲ ಹಕ್ಕಿಗಳನ್ನು ಕಲೆಹಾಕಿ, 1839ರಿಂದ ಮದರಾಸಿನ ಒಂದು ವಿದ್ವತ್ಪತ್ರಿಕೆಯಲ್ಲಿ ದಕ್ಷಿಣ ಭಾರತದ ಹಕ್ಕಿಗಳ ಪಟ್ಟಿಯನ್ನು ಪ್ರಕಟಿಸಿದರು. ಈ ಮಲೆಯ ಕಿತ್ತಳೆ-ಕಪ್ಪು ಬಣ್ಣದ ನೊಣಹಿಡುಕಕ್ಕೂ, ಪೊದೆಯೊಳಗೆ ಕುಳಿತು ನಕ್ಕಂತೆ ಕೂಗುವ ನೀಲಗಿರಿಯ ನಗೆಹಕ್ಕಿಗೂ ಶಾಸ್ತ್ರೀಯ ನಾಮಕರಣ ಮಾಡಿದವರು ಇವರೇ. 1862ರಿಂದ 1864ರವರೆಗೆ ಹೊರಬಂದ ಅವರ ಮಹಾಗ್ರಂಥದಲ್ಲಿ ಭಾರತದ 1,008 ಜಾತಿಯ ಹಕ್ಕಿಗಳ ವರ್ಣನೆಯಿದೆ. ಅದಕ್ಕೂ ಮೊದಲು ಅವರು ಪ್ರಕಟಿಸಿದ ಚಿತ್ರಸಂಪುಟಕ್ಕೆ ಚಿತ್ರ ಬರೆದುಕೊಟ್ಟವರಲ್ಲಿ ನಮ್ಮ ದೇಶದ ಕಲಾವಿದರಿದ್ದರೆಂಬುದು ಸ್ಮರಣೀಯ.

ಅಂದಿನ ಪಕ್ಷಿಶಾಸ್ತ್ರದ ಮುಖ್ಯ ಸಾಧನ ಬಂದೂಕು. ಹಕ್ಕಿಯನ್ನು ಹೊಡೆದು, ಚರ್ಮ ಸುಲಿದು, ಹತ್ತಿ ತುಂಬಿ, ಕಾಲಿಗೆ ಚೀಟಿ ಕಟ್ಟಿ ಪೆಟ್ಟಿಗೆಯಲ್ಲಿಡುವುದೇ ಅಧ್ಯಯನವಾಗಿತ್ತು. ದೂರದರ್ಶಕವೂ ಛಾಯಾಚಿತ್ರವೂ ಕೈಗೆಟುಕದ ಆ ಕಾಲದಲ್ಲಿ ಒಂದು ಜಾತಿಯನ್ನು ಇನ್ನೊಂದರಿಂದ ಬೇರ್ಪಡಿಸಲು ಬೇರೆ ಮಾರ್ಗ ಹೆಚ್ಚಿರಲಿಲ್ಲ. ಈ ಸಂಗ್ರಹಕಾರ್ಯವನ್ನು ಅತಿ ದೊಡ್ಡದಾಗಿ ನಡೆಸಿದವರು ಅಲನ್ ಆಕ್ಟೇವಿಯನ್ ಹ್ಯೂಮ್. 1885ರಲ್ಲಿ ಕಾಂಗ್ರೆಸ್ ಮಹಾಸಭೆಯ ಸ್ಥಾಪನೆಗೆ ಕಾರಣರಾದವರೆಂದು ನಾವು ಪಾಠ ಹೇಳುವ ಹ್ಯೂಮರೇ ಇವರು. ಇವರ ಪರವಾಗಿ ಹಕ್ಕಿಗಳನ್ನು ಸಂಗ್ರಹಿಸುತ್ತಿದ್ದ ವಿಲಿಯಂ ಡೇವಿಸನ್ ಅವರು ನೀಲಗಿರಿ, ವಯನಾಡು ಮತ್ತು ಮೈಸೂರಿನ ದಕ್ಷಿಣಭಾಗದ ಹಕ್ಕಿಗಳನ್ನು ಕುರಿತು 1883ರಲ್ಲಿ ದೀರ್ಘವಾದ ಟಿಪ್ಪಣಿಯನ್ನು ಬರೆದರು. ಗಡಿಗಳು ಮನುಷ್ಯರಿಗೆ, ಹಕ್ಕಿಗಳಿಗೆ ಈ ಮೂರೂ ಒಂದೇ ನೆಲವೆಂಬುದು ಆ ಟಿಪ್ಪಣಿಯ ಶೀರ್ಷಿಕೆಯಿಂದಲೇ ತಿಳಿಯುವುದು.

ಹ್ಯೂಮರು ಬಹುಕಾಲದಿಂದ ಒಂದು ಬೃಹದ್ಗ್ರಂಥಕ್ಕಾಗಿ ಹಸ್ತಪ್ರತಿಗಳನ್ನು ಸಿದ್ಧಪಡಿಸುತ್ತಿದ್ದರು. ಶಿಮ್ಲಾದ ಅವರ ಮನೆಯಿಂದ ಆ ಕಾಗದಗಳು ಕಳವಾಗಿ, ರದ್ದಿ ಕಾಗದವಾಗಿ ಪೇಟೆಯಲ್ಲಿ ಮಾರಾಟವಾಗಿಹೋದುವು. ಮನನೊಂದ ಅವರು 1885ರಲ್ಲಿ ತಮ್ಮ ಸಂಗ್ರಹವನ್ನೆಲ್ಲ ಲಂಡನ್ನಿನ ವಸ್ತುಸಂಗ್ರಹಾಲಯಕ್ಕೆ ಕೊಟ್ಟು ಹಕ್ಕಿಗಳ ಅಭ್ಯಾಸದಿಂದಲೇ ದೂರ ಸರಿದರು. ಚರ್ಮಗಳು ಉಳಿದುವು, ಹಸ್ತಪ್ರತಿಗಳು ಹೋದುವು. ಚರ್ಮವನ್ನು ನೋಡಿ ಇದು ಯಾವ ಹಕ್ಕಿಯೆಂದು ಹೇಳಬಹುದು. ಅದು ಯಾವ ತಿಂಗಳಲ್ಲಿ ಹಾಡುತ್ತಿತ್ತು, ಏನನ್ನು ತಿನ್ನುತ್ತಿತ್ತು, ಮರಿಗಳನ್ನು ಹೇಗೆ ಸಾಕುತ್ತಿತ್ತು ಎಂಬುದನ್ನು ಬರೆಹವಲ್ಲದೆ ಬೇರೊಂದು ಹೇಳಲಾರದು.

ಅಂಥ ಬರೆಹವನ್ನು ನಮಗೆ ಬಿಟ್ಟುಹೋದವರಲ್ಲಿ ಮಾರ್ಗರೆಟ್ ಕಾಕ್‌ಬರ್ನ್ ಎಂಬ ಮಹಿಳೆಯನ್ನು ವಿಶೇಷವಾಗಿ ನೆನೆಯಬೇಕು. 1829ರಲ್ಲಿ ಸೇಲಂನಲ್ಲಿ ಜನಿಸಿದ ಈಕೆಯ ತಂದೆ ಅಲ್ಲಿಯ ಕಲೆಕ್ಟರ್. ಈಕೆ ತಮ್ಮ ಬಾಳಿನ ಬಹುಭಾಗವನ್ನು ಕೋಟಗಿರಿಯಲ್ಲಿ ಕಳೆದು 1928ರಲ್ಲಿ, ನೂರರ ಹೊಸ್ತಿಲಲ್ಲಿ ತೀರಿಕೊಂಡರು. ಮನೆಯ ಸುತ್ತಣ ತೋಟದಲ್ಲೂ ಬೆಟ್ಟದ ಇಳಿಜಾರಿನಲ್ಲೂ ಕಂಡ ಹಕ್ಕಿಗಳ ಚಿತ್ರವನ್ನು ವರ್ಣಗಳಲ್ಲಿ ಬರೆದರು. ಗೂಡು, ಮೊಟ್ಟೆ, ಮರಿಗಳ ವಿವರವನ್ನು ಹ್ಯೂಮರಿಗೆ ಕಳುಹಿಸಿದರು. ಭಾರತದ ಹಕ್ಕಿಗಳ ಗೂಡುಗಳನ್ನು ಕುರಿತ ಹ್ಯೂಮರ ಗ್ರಂಥದಲ್ಲಿ ಕೋಟಗಿರಿಯಿಂದ ಬಂದ ಈ ಮಾತುಗಳು ಅಲ್ಲಲ್ಲಿ ಅಚ್ಚಾಗಿವೆ. ಇವರ ಚಿತ್ರಗಳು ಇಂದು ಲಂಡನ್ನಿನ ಪ್ರಕೃತಿ ಚರಿತ್ರೆಯ ವಸ್ತುಸಂಗ್ರಹಾಲಯದಲ್ಲಿವೆ. ಇವರು ದೇಶವನ್ನೆಲ್ಲ ಸುತ್ತಿದ ಸಂಗ್ರಾಹಕರಲ್ಲ. ಒಂದೇ ಊರಿನಲ್ಲಿ ನಿಂತು, ಋತುವಾದ ಮೇಲೆ ಋತುವನ್ನು ಕಂಡು ಬರೆದವರು. ಊರಿನಲ್ಲಿ ನೆಲೆನಿಂತ ಉಪಾಧ್ಯಾಯನಿಗೆ ಹತ್ತಿರದ ಮಾದರಿ ಇವರೇ.

ಬಂದೂಕಿನಿಂದ ಕಣ್ಣಿಗೆ ಬಂದ ಈ ಬದಲಾವಣೆಯನ್ನು ನಮ್ಮವರಲ್ಲಿ ಪೂರ್ಣಗೊಳಿಸಿದವರು ಸಲೀಂ ಅಲಿ (1896-1987). ಅವರೂ ಆರಂಭದಲ್ಲಿ ಹಕ್ಕಿಗಳನ್ನು ಹೊಡೆದು ಸಂಗ್ರಹಿಸಿದವರೇ. ಆದರೆ 1930ರಲ್ಲಿ ಮುಂಬಯಿಯ ಬಳಿಯ ಕಿಹೀಮಿನಲ್ಲಿ ಗೀಜಗನ ಗೂಡುಗಳ ಮುಂದೆ ದಿನಗಟ್ಟಲೆ ಕುಳಿತು ನೋಡಿ, ಗಂಡು ಗೀಜಗವು ಒಂದಾದ ಮೇಲೊಂದು ಗೂಡನ್ನು ಕಟ್ಟುವುದೆಂದೂ ಹೆಣ್ಣು ಅದನ್ನು ಪರೀಕ್ಷಿಸಿ ಒಪ್ಪಿಕೊಳ್ಳುವುದೆಂದೂ ತಿಳಿಸಿದರು. ಮುಂದೆ ಆ ದಶಕದಲ್ಲಿ ನಿವೃತ್ತ ಸೈನ್ಯವೈದ್ಯ ಕೆ. ಎಂ. ಅನಂತನ್ ಅವರ ಆಹ್ವಾನದಂತೆ ಕೋಟಗಿರಿಗೆ ಬಂದು ಕೆಲಕಾಲ ನೆಲೆಸಿದರು. ಅಲ್ಲಿಯ ಲಾಂಗ್‌ವುಡ್ ಶೋಲೆಯ ಹತ್ತಿರದ ಕಿನ್‌ಲಾಕ್ ಕುಟುಂಬದ ಪರಿಚಯವಾಯಿತು. ಆ ಮನೆಯ ಅಳಿಯ, ಬಿಳಿಗಿರಿರಂಗನ ಬೆಟ್ಟದ ಮಾರಿಸ್ ಅವರ ಸ್ನೇಹವೂ ಬೆಳೆಯಿತು. 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನು ನಡೆಸಿದವರೂ ಸಲೀಂ ಅಲಿಯವರೇ. ಆ ಲಾಂಗ್‌ವುಡ್ ಶೋಲೆಯು ಸುಮಾರು 116 ಹೆಕ್ಟೇರು ವಿಸ್ತಾರದ ಕಾಡಾಗಿ ಇಂದಿಗೂ ಉಳಿದು, 2024ರಲ್ಲಿ ಅಂತರರಾಷ್ಟ್ರೀಯ ಪ್ರಾಮುಖ್ಯದ ರಾಮ್ಸಾರ್ ತಾಣವೆಂದು ಮನ್ನಣೆ ಪಡೆಯಿತು. ಕರ್ನಾಟಕದ ಮಾಗಡಿ ಕೆರೆ, ಅಂಕಸಮುದ್ರ, ಅಘನಾಶಿನಿಗಳಿಗೂ ಅದರೊಡನೆಯೇ ಈ ಮನ್ನಣೆ ದೊರೆಯಿತು.

ಇಷ್ಟು ಚರಿತ್ರೆಯಿಂದ ಪ್ರಯೋಜನವೇನೆಂದು ಯಾರಾದರೂ ಕೇಳಬಹುದು. ಅದಕ್ಕೆ ಉತ್ತರವು ಮಸಿನಗುಡಿಯ ಆಕಾಶದಲ್ಲಿದೆ. ಒಂದು ಕಾಲಕ್ಕೆ ಭಾರತದಲ್ಲೆಲ್ಲ ರಣಹದ್ದುಗಳು ಲೆಕ್ಕವಿಲ್ಲದಷ್ಟಿದ್ದುವು. ಲೆಕ್ಕವಿಲ್ಲದಷ್ಟಿದ್ದುದರಿಂದಲೇ ಹೆಚ್ಚಿನ ಊರುಗಳಲ್ಲಿ ಅವನ್ನು ಯಾರೂ ಲೆಕ್ಕವಿಡಲಿಲ್ಲ. 1992ರಿಂದ 2007ರೊಳಗೆ ಬಿಳಿಬೆನ್ನಿನ ರಣಹದ್ದು ನಮ್ಮ ದೇಶದಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕಿಂತಲೂ ಹೆಚ್ಚು ನಾಶವಾಯಿತು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫಿನ್ಯಾಕ್ ಎಂಬ ಔಷಧಿಯು ಸತ್ತ ದನದ ಮಾಂಸದ ಮೂಲಕ ಹದ್ದಿನ ಹೊಟ್ಟೆ ಸೇರಿ ಮೂತ್ರಪಿಂಡಗಳನ್ನು ಕೆಡಿಸುವುದೆಂದು 2004ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. 2006ರಲ್ಲಿ ಪಶುಗಳಿಗೆ ಅದರ ಬಳಕೆಯನ್ನು ಸರ್ಕಾರ ನಿಷೇಧಿಸಿತು. ಮೊದಲೇ ಎಣಿಸಿಟ್ಟಿದ್ದ ಕೆಲವು ತಾಣಗಳ ಅಂಕಿಗಳಿದ್ದುದರಿಂದಲೇ ಈ ನಾಶವು ಬೆಳಕಿಗೆ ಬಂದಿತೆಂಬುದನ್ನು ಗಮನಿಸಬೇಕು. ಮೋಯಾರು ಕಣಿವೆಯ ಹೊಳೆಮತ್ತಿಯ ಮರಗಳಲ್ಲಿ ಈ ಹದ್ದುಗಳು ಇಂದಿಗೂ ಗೂಡು ಕಟ್ಟುತ್ತವೆ. ತಮಿಳುನಾಡು, ಕರ್ನಾಟಕ, ಕೇರಳಗಳ ಅರಣ್ಯ ಇಲಾಖೆಗಳು ಒಟ್ಟಾಗಿ 2023ರ ಡಿಸೆಂಬರಿನಲ್ಲಿ ನಡೆಸಿದ ಎಣಿಕೆಯಲ್ಲಿ ಎಲ್ಲ ಜಾತಿಯವು ಸೇರಿ 320 ರಣಹದ್ದುಗಳು ಕಂಡುಬಂದುವು.

ಮೇಲಿನ ಬೆಟ್ಟದ ಕಥೆಯೂ ಇಂಥದೇ. ನೀಲಗಿರಿಯ ಹೆಸರನ್ನೇ ಹೊತ್ತ ನೀಲಗಿರಿ ಪಿಪಿಟ್ ಎಂಬ ಕಂದು ಗೆರೆಗಳ ಪುಟ್ಟ ಹಕ್ಕಿಯು ಎತ್ತರದ ಹುಲ್ಲುಗಾವಲನ್ನು ನಂಬಿ ಬದುಕುವಂಥದು. ಹತ್ತೊಂಬತ್ತನೆಯ ಶತಮಾನದಿಂದ ಆ ಹುಲ್ಲುಗಾವಲನ್ನು ನೀಲಗಿರಿ ಮರ, ಆಸ್ಟ್ರೇಲಿಯದ ಅಕೇಶಿಯ, ಚಹಾ ತೋಟಗಳು ಆಕ್ರಮಿಸುತ್ತ ಬಂದಿವೆ. ಹಸಿರಾಗಿರುವುದೆಲ್ಲ ಕಾಡಲ್ಲ, ಮರವಿಲ್ಲದ ನೆಲವೆಲ್ಲ ಬಂಜರಲ್ಲ ಎಂಬುದನ್ನು ಈ ಸಣ್ಣ ಹಕ್ಕಿ ಕಲಿಸುವುದು. ಶೋಲೆಯ ಕತ್ತಲಲ್ಲಿ ವಾಸಿಸುವ ಇನ್ನೊಂದು ನೀಲಿ ಹಕ್ಕಿಗೆ 2017ರಲ್ಲಿ ವಿಜ್ಞಾನಿಗಳು ಶೋಲಿಕೋಲ ಎಂಬ ಹೊಸ ಕುಲನಾಮವನ್ನಿತ್ತರು. ಶೋಲೆಯ ನಿವಾಸಿಯೆಂದು ಅದರ ಅರ್ಥ. ನಮ್ಮ ಮಲೆಗಳ ಮಾತು ಜಗತ್ತಿನ ಶಾಸ್ತ್ರಗ್ರಂಥವನ್ನು ಸೇರಿತು.

ಇನ್ನು ನಮ್ಮ ಕರ್ತವ್ಯ. ಪುಷ್ಯ ಮಾಘಗಳ ಚಳಿಯಲ್ಲಿ ಉದಕಮಂಡಲದ ತೋಟಗಳನ್ನು ನೋಡಿದರೆ, ಕಾಶ್ಮೀರದ ಕಡೆಯಿಂದ ಬಂದ ಕೆಂಪು ಎದೆಯ ನೊಣಹಿಡುಕವು ಕಂಡೀತು. ನೀರಿನ ಅಂಚಿನಲ್ಲಿ ಬಾಲ ಕುಣಿಸುವ ಕುಂಡೆಕುಸ್ಕವಂತೂ ಕಾಣದಿರದು. ಅದೇ ಕಾಲದ ಕೊನೆಯಲ್ಲಿ ಮಸಿನಗುಡಿಯ ಮುತ್ತುಗವು ಕೆಂಪಾಗಿ ಅರಳಿ, ಕಾಜಾಣ, ಗೊರವಂಕ, ಗಿಳಿಗಳು ಅದಕ್ಕೆ ಮುತ್ತುವುವು. ಚೈತ್ರ ವೈಶಾಖಗಳಲ್ಲಿ ಚಳಿಗಾಲದ ಅತಿಥಿಯಾದ ನವರಂಗವು ಉತ್ತರಕ್ಕೆ ಹೊರಡುವುದು. ಮೇಲಿನ ಊರುಗಳಲ್ಲಿ ಕಿತ್ತಳೆ ಕೊಕ್ಕಿನ ಕರಿಯ ಸಿಳ್ಳಾರವು ಮರದ ತುದಿಯಲ್ಲಿ ಕುಳಿತು ಹಾಡುವುದು. ಆರಿದ್ರಾ ಮಳೆ ಹಿಡಿದಾಗ ಗೂಡಲೂರಿನ ತೊರೆಗಳಲ್ಲಿ ಸರಳೆ ಸಿಳ್ಳಾರದ ಶಿಳ್ಳೆ ನೀರಿನ ಸದ್ದನ್ನು ಮೀರಿ ಕೇಳುವುದು. ಇವೆಲ್ಲ ಶಾಲೆಯ ಅಂಗಳದಿಂದಲೂ ಹಾದಿಯಿಂದಲೂ ಕಾಣಿಸುವ, ಕೇಳಿಸುವ ಸಂಗತಿಗಳು. ಕಾಡಿನೊಳಗೆ ಮಕ್ಕಳನ್ನು ಕರೆದೊಯ್ಯಬೇಕಾದುದಿಲ್ಲ.

ಇದಕ್ಕೆ ಬೇಕಾದುದು ತರಗತಿಗೊಂದು ದಪ್ಪ ನೋಟುಪುಸ್ತಕ. ತಾರೀಖು, ಹೊತ್ತು, ಸ್ಥಳ, ಹಕ್ಕಿಯ ಹೆಸರು, ಸಂಖ್ಯೆ, ಅದು ಮಾಡುತ್ತಿದ್ದ ಕೆಲಸ, ಮಳೆಯೋ ಬಿಸಿಲೋ ಎಂಬ ಏಳು ಅಂಕಣಗಳು ಸಾಕು. ಹೆಸರು ತಿಳಿಯದಿದ್ದರೆ ಬಣ್ಣವನ್ನೂ ಕೊಕ್ಕಿನ ಆಕಾರವನ್ನೂ ಬರೆಯಲಿ. ಮನೆಯಲ್ಲಿ ಅಜ್ಜಿ ಅದನ್ನು ಯಾವ ಹೆಸರಿನಿಂದ ಕರೆಯುವರೆಂದು ಕೇಳಿ ಅದನ್ನೂ ಸೇರಿಸಲಿ. ಬಡಗ ನುಡಿಯಲ್ಲಾಗಲಿ ಕನ್ನಡದಲ್ಲಾಗಲಿ ಆ ಹೆಸರುಗಳು ಮುಂದಿನ ತಲೆಮಾರಿಗೆ ದೊರೆಯಲಾರವು. ನೋಡಿಯೂ ಹಕ್ಕಿ ಕಾಣದ ದಿನ “ಇಲ್ಲ” ಎಂದು ಬರೆಯುವುದನ್ನು ಮರೆಯಬಾರದು. ಇದ್ದ ಕಾಲದ ಬರೆಹವೂ ಇಲ್ಲದ ಕಾಲದ ಬರೆಹವೂ ಸೇರಿದಾಗಲೇ ನಷ್ಟದ ಅಳತೆ ಸಿಗುವುದು. ಗೂಡಿನ ಹತ್ತಿರ ಹೋಗಬಾರದು, ಮೊಟ್ಟೆಯನ್ನು ಮುಟ್ಟಬಾರದು ಎಂಬುದು ಮೊದಲ ಪಾಠವಾಗಲಿ.

ಇದು ಮಕ್ಕಳಾಟವೆಂದು ಭಾವಿಸಬೇಕಾಗಿಲ್ಲ. ತಮಿಳುನಾಡಿನಲ್ಲಿ 2015ರಿಂದ ಸಂಕ್ರಾಂತಿಯ ದಿನಗಳಲ್ಲಿ ಪೊಂಗಲ್ ಹಕ್ಕಿ ಎಣಿಕೆ ನಡೆದುಬಂದಿದೆ. ನೆರೆಯ ಕೇರಳದಲ್ಲಿ 2015ರಿಂದ 2020ರವರೆಗೆ ಸಾಮಾನ್ಯ ಜನರೇ ಬೇಸಗೆಯಲ್ಲೊಮ್ಮೆ ಮಳೆಗಾಲದಲ್ಲೊಮ್ಮೆ ನಾಡನ್ನೆಲ್ಲ ಸುತ್ತಿ, ಇಡೀ ರಾಜ್ಯದ ಹಕ್ಕಿಗಳ ಭೂಪಟವನ್ನೇ ಸಿದ್ಧಪಡಿಸಿದರು. ಜೆರ್ಡನ್ನರೂ ಹ್ಯೂಮರೂ ಇಂಗ್ಲಿಷಿನಲ್ಲಿ ಬರೆದರು. ಅದು ಅವರ ಭಾಷೆ. ಅದಕ್ಕಾಗಿ ಅವರನ್ನು ದೂರುವುದರಿಂದ ಫಲವಿಲ್ಲ. ನಮ್ಮ ಕಣ್ಣೆದುರಿನ ಹಕ್ಕಿಯನ್ನು ನಮ್ಮ ಭಾಷೆಯಲ್ಲಿ ಬರೆದಿಡದಿದ್ದರೆ ಆ ಕೊರತೆಗೆ ನಾವೇ ಹೊಣೆ. ಈ ವರ್ಷ ಶಾಲೆಗೊಂದರಂತೆ ಇಂಥ ಪುಸ್ತಕವನ್ನು ಆರಂಭಿಸಿ, ವರ್ಷಾಂತ್ಯದಲ್ಲಿ ಅದನ್ನು ರದ್ದಿಯವನಿಗೆ ಕೊಡದೆ ಶಾಲೆಯ ಬೀರುವಿನಲ್ಲಿ ಹಾಜರಿ ಪುಸ್ತಕಗಳ ಜೊತೆಗಿರಿಸಿ, ಮುಂದಿನ ತರಗತಿಯ ಮಕ್ಕಳ ಕೈಗೆ ಒಪ್ಪಿಸಬೇಕೆಂದು ನಮ್ಮ ಸಹೋದ್ಯೋಗಿಗಳಲ್ಲಿ ವಿನಂತಿಸುತ್ತೇವೆ.